ಬೆಂಚಿನ ಮೇಲಿದ್ದವರು ಗೆದ್ದ ಟ್ರೋಫಿ

ಆ ನಾಯಿ ಮುಖವಾಡದ ಫೋಟೋ ಪ್ರತಿ ವರ್ಷ ಎಲ್ಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಮೆರಿಕನ್ ಫುಟ್‌ಬಾಲ್ ಆಡುವ ಫಿಲಡೆಲ್ಫಿಯಾ ಈಗಲ್ಸ್ ತಂಡದ ಇಬ್ಬರು ದೈತ್ಯರು, ಲೇನ್ ಜಾನ್ಸನ್ ಮತ್ತು ಕ್ರಿಸ್ ಲಾಂಗ್, ಜರ್ಮನ್ ಷೆಪರ್ಡ್ ನಾಯಿಯ ಮುಖ ಹಾಕಿಕೊಂಡು ಮೈದಾನದಲ್ಲಿ ನಿಂತಿರುವ ಫೋಟೋ. 2018ರ ಜನವರಿ 13ರದ್ದು. ಅದರ ಕೆಳಗೆ ಯಾರಾದರೂ ಒಬ್ಬರು ಬರೆದಿರುತ್ತಾರೆ, ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ತಂಡ, ಇಂಗ್ಲಿಷಿನವರ ಮಾತಲ್ಲಿ ‘ಅಂಡರ್‌ಡಾಗ್’ (ನಾಯಿ ಮುಖ ಅದಕ್ಕೇ), ಸೂಪರ್ ಬೌಲ್ ಅನ್ನುವ ಫೈನಲ್ ಗೆದ್ದು ಪವಾಡ ಮಾಡಿತು ಅಂತ. ಓದಿದಾಗಲೆಲ್ಲ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಪವಾಡ ಎಲ್ಲಿಂದ ಬಂತು ಸ್ವಾಮಿ? 16 ಪಂದ್ಯದಲ್ಲಿ 13 ಗೆದ್ದ ತಂಡ ಅದು.

ಸ್ವಲ್ಪ ನನ್ನ ಕಥೆ ಹೇಳಬೇಕು, ಇಲ್ಲದಿದ್ದರೆ ಈ ಸಿಟ್ಟು ಯಾಕೆ ಅಂತ ಗೊತ್ತಾಗಲ್ಲ.

ನಾನು ಆಗ ಫಿಲಡೆಲ್ಫಿಯಾದಲ್ಲಿ ಆನ್‌ಸೈಟ್ ಇದ್ದೆ. ಅದಕ್ಕೆ ಮುಂಚೆ ಬೆಂಗಳೂರಲ್ಲಿ ನಾಲ್ಕು ತಿಂಗಳು ಬೆಂಚ್ ಮೇಲಿದ್ದೆ. ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಬೆಂಚ್ ಅಂದರೆ ಸಂಬಳ ಇರುತ್ತದೆ, ಪ್ರಾಜೆಕ್ಟ್ ಇರಲ್ಲ. ಬೆಳಗ್ಗೆ ಕಾರ್ಡ್ ಸ್ವೈಪ್ ಮಾಡಿ ಒಳಗೆ ಹೋಗಬೇಕು, ಕೆಫೆಟೇರಿಯಾದಲ್ಲಿ ಮೂರು ಕಾಫಿ ಕುಡಿಯಬೇಕು, ಸಂಜೆ ಸ್ವೈಪ್ ಮಾಡಿ ಹೊರಗೆ ಬರಬೇಕು. ಅಮ್ಮ ಫೋನ್ ಮಾಡಿ ‘ಕೆಲಸ ಜಾಸ್ತಿನೇನೋ’ ಅಂದರೆ ‘ಹೂಂ ಅಮ್ಮ, ಸ್ವಲ್ಪ ಜಾಸ್ತಿನೇ’ ಅನ್ನಬೇಕು. ಆಮೇಲೆ ಒಬ್ಬ ಹುಡುಗನ ವೀಸಾ ರಿಜೆಕ್ಟ್ ಆಯಿತು, ವೀಸಾ ಸ್ಟ್ಯಾಂಪ್ ಆಗಿ ಖಾಲಿ ಕೂತಿದ್ದವನು ನಾನೊಬ್ಬನೇ, ಕಳಿಸಿದರು. ಅಲ್ಲಿಗೆ ಹೋದ ಮೇಲೆ ಮೊದಲ ಎರಡು ವಾರ ಕ್ಲೈಂಟ್ ಕಡೆಯವರು ಮೇಲ್‌ನಲ್ಲಿ ನನ್ನನ್ನು ಆ ಹುಡುಗನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನೂ ಸುಮ್ನೆ ಓ ಅನ್ನುತ್ತಿದ್ದೆ.

ಪಕ್ಕದ ಕ್ಯೂಬಿಕಲ್‌ನಲ್ಲಿ ಅರವತ್ತು ದಾಟಿದ ಒಬ್ಬರು ಕೂರುತ್ತಿದ್ದರು. ಹುಟ್ಟಿ ಬೆಳೆದದ್ದೆಲ್ಲ ಸೌತ್ ಫಿಲಡೆಲ್ಫಿಯಾ. ಈ ಆಟ ನನಗೆ ಕಲಿಸಿದ್ದು ಅವರೇ. ಮೊದಮೊದಲು ನನಗೆ ಏನೂ ರುಚಿಸಲಿಲ್ಲ. ಐದು ಸೆಕೆಂಡ್ ಓಡುವುದು, ಒಬ್ಬರ ಮೇಲೆ ಒಬ್ಬರು ಬೀಳುವುದು, ಮತ್ತೆ ಅರ್ಧ ನಿಮಿಷ ಎದ್ದು ನಿಂತು ಮಾತಾಡುವುದು. ಇದಕ್ಕೆ ಫುಟ್‌ಬಾಲ್ ಅಂತ ಬೇರೆ ಹೆಸರು. ಅವರು ಪೇಪರ್ ಮೇಲೆ ಗೀಚಿ ತೋರಿಸಿದರು. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಮೂರು ಸಲದಲ್ಲಿ ಆಗದಿದ್ದರೆ ಜಾಣರು ನಾಲ್ಕನೇ ಸಲ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ, ಹತ್ತಿರ ಇದ್ದರೆ ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್ ತೆಗೆದುಕೊಳ್ಳುತ್ತಾರೆ. ನಾಲ್ಕನೇ ಸಲವೂ ಆಡುತ್ತೇನೆ ಅನ್ನುವುದು ಜೂಜು. ಆಗದಿದ್ದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿ ಕೈಗೆ. ಈ ನಾಲ್ಕನೇ ಸಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಅಪ್ಪ 1960ರ ಡಿಸೆಂಬರ್ 26ರಂದು ಫ್ರಾಂಕ್ಲಿನ್ ಫೀಲ್ಡ್‌ನಲ್ಲಿ ಕೂತು ಈಗಲ್ಸ್ ಚಾಂಪಿಯನ್ ಆಗಿದ್ದನ್ನು ನೋಡಿದ್ದರಂತೆ. ಗ್ರೀನ್ ಬೇ ಪ್ಯಾಕರ್ಸ್ ಮೇಲೆ 17-13. ಆವತ್ತು ಸೋತ ಕೋಚ್ ವಿನ್ಸ್ ಲೊಂಬಾರ್ಡಿ. ಅವರು ಪ್ಲೇಆಫ್‌ನಲ್ಲಿ ಸೋತದ್ದು ಅದೊಂದೇ ಪಂದ್ಯ. ಆಮೇಲೆ ಸೂಪರ್ ಬೌಲ್ ಟ್ರೋಫಿಗೆ ಆ ಲೊಂಬಾರ್ಡಿ ಹೆಸರನ್ನೇ ಇಟ್ಟರು, ಅವರನ್ನು ಸೋಲಿಸಿದ ಊರಿಗೆ ಮಾತ್ರ ಆ ಟ್ರೋಫಿ 57 ವರ್ಷ ಸಿಗಲಿಲ್ಲ. ಎರಡು ಸಲ ಫೈನಲ್‌ವರೆಗೆ ಹೋಗಿ ಬರಿಗೈಯಲ್ಲಿ ಬಂದರು. ಆರ್‌ಸಿಬಿಗೆ 18 ವರ್ಷ ಕಾದ ನಮ್ಮವರಿಗೆ ಇದು ಅರ್ಥವಾಗುತ್ತದೆ ಬಿಡಿ.

2017ರ ಸೀಸನ್ ಶುರುವಾದಾಗ ಊರಿನ ದೇವರು ಕಾರ್ಸನ್ ವೆಂಟ್ಸ್. ಎರಡನೇ ವರ್ಷದ ಕ್ವಾರ್ಟರ್‌ಬ್ಯಾಕ್. ಕ್ವಾರ್ಟರ್‌ಬ್ಯಾಕ್ ಅಂದರೆ ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ, ಎಸೆಯಬೇಕಾ ಕೊಡಬೇಕಾ ಓಡಬೇಕಾ ಎಲ್ಲ ಅವನ ತಲೆ ಮೇಲೆ. ಆ ವರ್ಷ ವೆಂಟ್ಸ್ ಮುಟ್ಟಿದ್ದೆಲ್ಲ ಚಿನ್ನ. ಸುತ್ತಮುತ್ತ ಮಾತ್ರ ಒಬ್ಬೊಬ್ಬರೇ ಮುರಿದುಕೊಂಡು ಬೀಳುತ್ತಿದ್ದರು. ಡ್ಯಾರೆನ್ ಸ್ಪ್ರೋಲ್ಸ್ ಸೆಪ್ಟೆಂಬರ್‌ನಲ್ಲೇ ಹೋದರು. ಅಕ್ಟೋಬರ್‌ನಲ್ಲಿ ಒಂದೇ ರಾತ್ರಿ ಜೇಸನ್ ಪೀಟರ್ಸ್, ಜೋರ್ಡನ್ ಹಿಕ್ಸ್ ಇಬ್ಬರೂ ಹೋದರು. ಒದೆಯುವವನಿಗೆ ಪೆಟ್ಟಾಯಿತು ಅಂತ ಜೇಕ್ ಎಲಿಯಟ್ ಅನ್ನುವ ಹೊಸ ಹುಡುಗನನ್ನು ಬೇರೆ ತಂಡದ ಪ್ರಾಕ್ಟೀಸ್ ಗುಂಪಿನಿಂದ ಎತ್ತಿಕೊಂಡು ಬಂದರು. ಅವನು ಸೆಪ್ಟೆಂಬರ್ 24ರಂದು ಜೈಂಟ್ಸ್ ವಿರುದ್ಧ ಕೊನೇ ಒದೆತದಲ್ಲಿ 61 ಗಜದಿಂದ ಹೊಡೆದು ಪಂದ್ಯ ಗೆಲ್ಲಿಸಿದ. ನಮ್ಮ ಕ್ಯೂಬಿಕಲ್ ಯಜಮಾನರು ಮಾರನೇ ದಿನ ಗಂಟಲು ಬಿದ್ದುಹೋಗಿ ಚೀಟಿ ಬರೆದು ಮಾತಾಡಿದರು.

ಡಿಸೆಂಬರ್ 10, ಲಾಸ್ ಏಂಜಲೀಸ್. ವೆಂಟ್ಸ್ ಗೆರೆ ದಾಟಲು ಜಿಗಿದ, ಎರಡೂ ಕಡೆಯಿಂದ ಬಂದು ಗುದ್ದಿದರು, ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಹರಿದ ಕಾಲಲ್ಲೇ ಇನ್ನೂ ನಾಲ್ಕು ಸಲ ಆಡಿ ಟಚ್‌ಡೌನ್ ಎಸೆದು, ಅಂದರೆ ಎದುರಾಳಿಯ ಕೊನೇ ಗೆರೆಯಾಚೆ ಇದ್ದ ತನ್ನವನಿಗೆ ಚೆಂಡು ಮುಟ್ಟಿಸಿ, ಆಮೇಲೆ ಹೊರಗೆ ನಡೆದ. ಅದು ಆ ವರ್ಷದ ಅವನ 33ನೇ ಟಚ್‌ಡೌನ್ ಪಾಸ್. ಪಂದ್ಯ ಗೆದ್ದರು, 43-35. ಗೆದ್ದ ಮಾರನೇ ದಿನ ಆಫೀಸಿನಲ್ಲಿ ಸಾವಿನ ಮನೆ ಥರ ಇತ್ತು.

ಒಳಗೆ ಬಂದವನು ನಿಕ್ ಫೋಲ್ಸ್.

ಈ ಫೋಲ್ಸ್ ಇದೇ ತಂಡದಲ್ಲಿ 2013ರಲ್ಲಿ 27 ಟಚ್‌ಡೌನ್ ಎಸೆದು ಬರೀ ಎರಡು ಸಲ ಚೆಂಡು ಎದುರಾಳಿಗೆ ಕೊಟ್ಟವನು. 2015ರಲ್ಲಿ ಅವನನ್ನೇ ಮಾರಿದರು. ಹೋದ ಕಡೆ ಏನೂ ಕೂಡಿಬರಲಿಲ್ಲ. 2016ರಲ್ಲಿ ಆಟವೇ ಸಾಕು ಅಂತ ಮನೆಗೆ ಹೋಗುವ ಯೋಚನೆಯಲ್ಲಿದ್ದ. ಕೋಚ್ ಆಂಡಿ ರೀಡ್ ತಮ್ಮ ಕ್ಯಾನ್ಸಸ್ ಸಿಟಿ ತಂಡಕ್ಕೆ ಕರೆದರು, ಉಳಿದುಕೊಂಡ. 2017ರಲ್ಲಿ ಹಳೇ ಊರಿಗೇ ವಾಪಸ್, ವೆಂಟ್ಸ್ ಹಿಂದೆ ಎರಡನೇ ಆಳಾಗಿ. ಸೀಸನ್‌ನ ಕೊನೇ ದಿನ, ಡಿಸೆಂಬರ್ 31ರಂದು, ಡಲ್ಲಾಸ್ ವಿರುದ್ಧ 11 ಸಲ ಎಸೆದು ನಾಲ್ಕು ಸಲ ಮಾತ್ರ ಗುರಿ ಮುಟ್ಟಿಸಿದ, ಒಟ್ಟು 39 ಗಜ. ತಂಡ 0-6 ಸೋತಿತು. ಆವತ್ತು ರಾತ್ರಿ ಹೊಸ ವರ್ಷದ ಪಾರ್ಟಿಯಲ್ಲಿ ನಾನೂ ಅವನನ್ನು ಬೈದೆ, ಸುಳ್ಳು ಯಾಕೆ ಹೇಳಲಿ. ಬೆಂಚಿನಿಂದ ಬಂದವನೇ ಬೆಂಚಿನಿಂದ ಬಂದವನನ್ನು ಬೈಯುವುದು ಅಂದರೆ ಹೀಗೆ.

ಅದಕ್ಕೇ ಪ್ಲೇಆಫ್ ಬಂದಾಗ ಒಂದನೇ ನಂಬರ್ ತಂಡ, ತನ್ನದೇ ಮೈದಾನದಲ್ಲಿ, ಆರನೇ ನಂಬರಿನ ಅಟ್ಲಾಂಟಾ ಮುಂದೆ ಸೋಲುತ್ತದೆ ಅಂತ ಬೆಟ್ಟಿಂಗ್‌ನವರು ಲೆಕ್ಕ ಹಾಕಿದರು. 53 ಜನರ ತಂಡವನ್ನು ಒಬ್ಬನ ಮೊಣಕಾಲಿನಿಂದ ಅಳೆದರು. ಈಗಲ್ಸ್ 15-10 ಗೆದ್ದರು, ಕೊನೇ ಎಸೆತ ಜೂಲಿಯೊ ಜೋನ್ಸ್ ಕೈ ಸವರಿಕೊಂಡು ಹೋಯಿತು, ನಾಯಿ ಮುಖವಾಡ ಬಂತು. ಮುಂದಿನ ವಾರ ಅರ್ಧ ಸ್ಟೇಡಿಯಂ ನಾಯಿ ಮುಖ. ತಮಾಷೆಯಾಗಿತ್ತು, ಇಲ್ಲ ಅನ್ನಲ್ಲ. ಆದರೆ ಆ ವಾರ ಅವರು ಮಿನ್ನೆಸೋಟ ವೈಕಿಂಗ್ಸ್ ಮೇಲೆ ಗೆದ್ದದ್ದು 38-7. ಫೋಲ್ಸ್ 352 ಗಜ, ಮೂರು ಟಚ್‌ಡೌನ್. ಮೂರು ವಾರದ ಹಿಂದೆ 39 ಗಜ ಎಸೆದವನು!

ನನ್ನ ತಕರಾರು ಇರುವುದೇ ಇಲ್ಲಿ. ಈ ಮೂರು ವಾರದಲ್ಲಿ ದೇವರು ಬಂದು ಫೋಲ್ಸ್ ತಲೆ ಮುಟ್ಟಲಿಲ್ಲ. ಮುಖ್ಯ ಕೋಚ್ ಡಗ್ ಪೀಡರ್ಸನ್ ಮತ್ತು ಅವರ ಜೊತೆಯ ಫ್ರ್ಯಾಂಕ್ ರೈಕ್ ಕೂತು ಫೋಲ್ಸ್‌ನ ಹಳೇ ಟೇಪ್‌ಗಳನ್ನು ತೆಗೆದರು. 2013ರಲ್ಲಿ ಅವನಿಗೆ ಏನು ಚೆನ್ನಾಗಿ ಬರುತ್ತಿತ್ತು ಅಂತ ನೋಡಿದರು. ವೆಂಟ್ಸ್‌ಗೆ ಹೊಲಿದ ಅಂಗಿಯನ್ನು ಫೋಲ್ಸ್‌ಗೆ ತೊಡಿಸದೆ ಹೊಸದಾಗಿ ಅಳತೆ ತೆಗೆದರು. ಚೆಂಡು ಬೇಗ ಕೈಬಿಡುವ ಆಟ, ಅಲ್ಲೇ ನೋಡಿ ಎಸೆಯುವುದೋ ಓಡುವವನಿಗೆ ಕೊಡುವುದೋ ಅಂತ ತೀರ್ಮಾನಿಸುವ ಆಟ. ಅಷ್ಟೇ.

ಅಷ್ಟೇ ಅಂದೆ, ಆದರೆ ಎಷ್ಟು ಜನ ಮಾಡುತ್ತಾರೆ? ನನ್ನ ಆಫೀಸಿನಲ್ಲಿ ಎರಡು ವಾರ ನನ್ನ ಹೆಸರೇ ಕರೆಯಲಿಲ್ಲ. ಹೋದವನು ಬಿಟ್ಟುಹೋದ ಕುರ್ಚಿ, ಅವನ ಕೆಲಸದ ಪಟ್ಟಿ, ಅವನ ಪಾಸ್‌ವರ್ಡ್ ಚೀಟಿ, ತಗೋ ಮುಂದುವರಿಸು.

ಇವರಿಬ್ಬರಿಗೆ ಯಾಕೆ ಹೊಳೆಯಿತು ಅಂದರೆ ಇವರಿಬ್ಬರೂ ಬೆಂಚಿನವರೇ. ಪೀಡರ್ಸನ್ ವರ್ಷಗಟ್ಟಲೆ ಬ್ರೆಟ್ ಫಾವ್ರ್ ಹಿಂದೆ ಕೂತವರು. 1999ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದರು, ಡೊನೊವನ್ ಮೆಕ್‌ನ್ಯಾಬ್ ತಯಾರಾಗುವ ತನಕ ಜಾಗ ಕಾಯುವುದಕ್ಕೆ. ಊರಿನವರು ಬಾಯಿಗೆ ಬಂದ ಹಾಗೆ ಬೈದರು. ಆಟ ಬಿಟ್ಟ ಮೇಲೆ ಲೂಸಿಯಾನದ ಒಂದು ಹೈಸ್ಕೂಲಿನಲ್ಲಿ ಹುಡುಗರಿಗೆ ಕೋಚಿಂಗ್ ಮಾಡುತ್ತಿದ್ದರು. ಇನ್ನು ರೈಕ್, ಬಫಲೋದಲ್ಲಿ ಜಿಮ್ ಕೆಲ್ಲಿಗೆ ಎರಡನೇ ಆಳು. 1993ರ ಜನವರಿ 3ರಂದು ಕೆಲ್ಲಿಗೆ ಪೆಟ್ಟಾಗಿ ಇವರು ಆಡಬೇಕಾಯಿತು, ತಂಡ 3-35ರಲ್ಲಿ ಹಿಂದೆ ಇತ್ತು. 41-38 ಗೆಲ್ಲಿಸಿದರು. ಫೋಲ್ಸ್‌ಗೆ ಅಕ್ಕಪಕ್ಕ ಸಿಕ್ಕವರು ಇಂಥವರು.

ಇನ್ನು ಆ ನಾಲ್ಕನೇ ಸಲದ ಮಾತು. ಆ ಸೀಸನ್‌ನಲ್ಲಿ ಪೀಡರ್ಸನ್ 26 ಸಲ ನಾಲ್ಕನೇ ಸಲವೂ ಆಡಿಸಿದರು, 17 ಸಲ ದಕ್ಕಿತು. ಜನ ಧೈರ್ಯ ಅಂದರು. ಧೈರ್ಯಕ್ಕಿಂತ ಲೆಕ್ಕ ಜಾಸ್ತಿ, ಅಂಕಿ ಅಂಶ ನೋಡಿಕೊಳ್ಳಲೆಂದೇ ಜನ ಇದ್ದರು. ಆದರೂ ಸೂಪರ್ ಬೌಲ್‌ನಲ್ಲಿ ಕಣ್ಣ ಮುಂದೆ ಅದು ನಡೆಯುವಾಗ ಲೆಕ್ಕ ಯಾರಿಗೆ ನೆನಪಿರುತ್ತದೆ.

2018ರ ಫೆಬ್ರವರಿ 4. ಎದುರಿಗೆ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಪೇಟ್ರಿಯಟ್ಸ್. ನಾವು ನಾಲ್ಕು ಕನ್ನಡ ಕುಟುಂಬ ಒಬ್ಬರ ಮನೆಯ ಬೇಸ್‌ಮೆಂಟ್‌ನಲ್ಲಿ ಸೇರಿದ್ದೆವು. ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್, ಪಕ್ಕದಲ್ಲಿ ಚಿಕನ್ ವಿಂಗ್ಸ್. ಮೊದಲರ್ಧ ಮುಗಿಯಲು 38 ಸೆಕೆಂಡ್. ಈಗಲ್ಸ್ 15-12 ಮುಂದೆ, ಗೆರೆಗೆ ಒಂದೇ ಗಜ, ನಾಲ್ಕನೇ ಸಲ. ಮೂರು ಪಾಯಿಂಟ್ ತಗೊಳ್ಳುತ್ತಾರೆ ಬಿಡು ಅಂತ ನಾನು ಬೂಂದಿ ತರಲು ಮೇಲೆ ಹೋದೆ.

ಮೆಟ್ಟಿಲ ಮೇಲೆ ಇದ್ದಾಗ ಕೆಳಗಿನಿಂದ ಕೂಗು ಬಂತು. ಓಡಿ ಬಂದು ನೋಡಿದ್ದು ರೀಪ್ಲೇ. ಜೇಸನ್ ಕೆಲ್ಸಿ ಚೆಂಡನ್ನು ಕ್ವಾರ್ಟರ್‌ಬ್ಯಾಕ್ ಕೈಗೆ ಕೊಡದೆ ಕೋರಿ ಕ್ಲೆಮೆಂಟ್‌ಗೆ ಕೊಟ್ಟ. ಕ್ಲೆಮೆಂಟ್ ಓಡುತ್ತಾ ಟ್ರೇ ಬರ್ಟನ್‌ಗೆ ಎಸೆದ. ಅಷ್ಟರಲ್ಲಿ ಫೋಲ್ಸ್ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ನಿಂತಿದ್ದವನು ಮೆಲ್ಲಗೆ ಮೂಲೆಗೆ ಜಾರಿದ. ಒಬ್ಬನೇ. ಬರ್ಟನ್ ಎಸೆದ, ಫೋಲ್ಸ್ ಹಿಡಿದ, ಟಚ್‌ಡೌನ್. ಕ್ಲೆಮೆಂಟ್ ಮತ್ತು ಬರ್ಟನ್ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಯಾವ ತಂಡವೂ ಆರಿಸಿರಲಿಲ್ಲ. ಹಿಡಿದವನು ಬೆಂಚಿನವನು. ಅದೇ ಕ್ವಾರ್ಟರ್‌ನಲ್ಲಿ ಬ್ರೇಡಿಗೂ ಇಂಥದೇ ಒಂದು ಪಾಸ್ ಬಂದಿತ್ತು, ಕೈಯಿಂದ ಜಾರಿಹೋಗಿತ್ತು.

ಆಮೇಲೆ ಮೈಕ್‌ನಲ್ಲಿ ದಾಖಲಾದ ಮಾತು ಹೊರಗೆ ಬಂತು. ಟೈಮ್‌ಔಟ್‌ನಲ್ಲಿ ಫೋಲ್ಸ್ ಕೋಚ್ ಹತ್ತಿರ ಬಂದು ಕೇಳುತ್ತಾನೆ, ‘ಫಿಲಿ ಫಿಲಿ ಮಾಡೋಣ್ವಾ?’ ಆ ಆಟದ ಹೆಸರು ಫಿಲಿ ಸ್ಪೆಷಲ್, ಗಡಿಬಿಡಿಯಲ್ಲಿ ಅವನು ಹೆಸರೇ ತಪ್ಪು ಹೇಳಿದ್ದ. ಪೀಡರ್ಸನ್ ಒಂದು ಕ್ಷಣ ಸುಮ್ಮನಿದ್ದು ‘ಹೂಂ, ಮಾಡೋಣ’ ಅನ್ನುತ್ತಾರೆ. ನನಗೆ ಇಡೀ ಸೀಸನ್‌ನಲ್ಲಿ ಇಷ್ಟವಾದದ್ದು ಆ ಒಂದು ಕ್ಷಣ. ಕೇಳಿದ್ದು ಎರಡನೇ ಆಳು, ಒಪ್ಪಿದ್ದು ಹಳೇ ಎರಡನೇ ಆಳು.

ದ್ವಿತೀಯಾರ್ಧದಲ್ಲಿ ಪೇಟ್ರಿಯಟ್ಸ್ 33-32 ಮುಂದೆ ಬಂದರು. ಬ್ರೇಡಿ ಆವತ್ತು 505 ಗಜ ಎಸೆದ, ಸೂಪರ್ ಬೌಲ್ ದಾಖಲೆ. ಆಟ ಮುಗಿಯಲು ಐದು ಮುಕ್ಕಾಲು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಮತ್ತೆ ನಾಲ್ಕನೇ ಸಲ, ತಮ್ಮದೇ ಅರ್ಧದಲ್ಲಿ. ತಪ್ಪಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಝ್ಯಾಕ್ ಅರ್ಟ್ಸ್ ಹಿಡಿದ, ಎರಡು ಗಜ ಸಿಕ್ಕಿತು. ಅದೇ ಅರ್ಟ್ಸ್ ಆಮೇಲೆ ಟಚ್‌ಡೌನ್ ಮಾಡಿದ. ಎರಡು ನಿಮಿಷ ಚಿಲ್ಲರೆ ಇದ್ದಾಗ ಬ್ರ್ಯಾಂಡನ್ ಗ್ರಹಾಮ್ ಬ್ರೇಡಿಯ ಕೈಯಿಂದ ಚೆಂಡು ತಟ್ಟಿ ಬೀಳಿಸಿದ. ಕ್ವಾರ್ಟರ್‌ಬ್ಯಾಕ್ ಎಸೆಯುವ ಮುಂಚೆಯೇ ಹೀಗೆ ಬಂದು ಕೆಡಿಸುವುದಕ್ಕೆ ಸ್ಯಾಕ್ ಅನ್ನುತ್ತಾರೆ, ಎರಡೂ ಕಡೆ ಸೇರಿ ಇಡೀ ಪಂದ್ಯದಲ್ಲಿ ಆದದ್ದು ಆ ಒಂದೇ ಸ್ಯಾಕ್. 41-33. ಪಂದ್ಯದ ಶ್ರೇಷ್ಠ ಆಟಗಾರ ಫೋಲ್ಸ್.

ಫೆಬ್ರವರಿ 8ರ ಮೆರವಣಿಗೆಗೆ ಹೋಗಿದ್ದೆ. ಬ್ರಾಡ್ ಸ್ಟ್ರೀಟ್ ತುಂಬ ಹಸಿರು. ಚಳಿಗೆ ಕಿವಿ ಉದುರುವ ಹಾಗಿತ್ತು, ಜನ ಮರದ ಮೇಲೆ, ಸಿಗ್ನಲ್ ಕಂಬದ ಮೇಲೆ. ಕಂಬ ಹತ್ತಬಾರದು ಅಂತ ಹಿಂದಿನ ಪಂದ್ಯಗಳಲ್ಲಿ ಪೊಲೀಸರು ಜಿಡ್ಡು ಬಳಿದಿದ್ದರು, ಆಗಲೂ ಹತ್ತಿದ್ದರು, ಈಗ ಕೇಳಬೇಕಾ. ನಮ್ಮ ಯಜಮಾನರು ಅಪ್ಪನ ಹಳೇ ಉಣ್ಣೆ ಟೋಪಿ ಹಾಕಿಕೊಂಡು ಬಂದಿದ್ದರು. ಅಲ್ಲಲ್ಲಿ ತೂತು. ಬಸ್ ಹತ್ತಿರ ಬಂದಾಗ ಅದನ್ನು ತೆಗೆದು ಕೈಯಲ್ಲಿ ಎತ್ತಿ ಹಿಡಿದರು, ಬಸ್ ದಾಟುವ ತನಕ ಇಳಿಸಲಿಲ್ಲ.

ವೆಂಟ್ಸ್ ಬಗ್ಗೆ ನನಗೆ ಈಗಲೂ ಪಾಪ ಅನ್ನಿಸುತ್ತದೆ. 13 ಪಂದ್ಯ ಆಡಿ ತಂಡವನ್ನು ಅಲ್ಲಿಗೆ ತಂದವನು, ಫೈನಲ್ ದಿನ ಗೆರೆಯಾಚೆ ನಿಂತಿದ್ದ. ಅವನನ್ನು ಮರೆತು ಫೋಲ್ಸ್ ಒಬ್ಬನ ಕಥೆ ಹೇಳುವುದೂ ತಪ್ಪೇ. ಫೋಲ್ಸ್ 2019ರಲ್ಲಿ ಬೇರೆ ತಂಡಕ್ಕೆ ಹೋದ. ರೈಕ್ ಗೆದ್ದ ಒಂದೇ ವಾರದಲ್ಲಿ ಇಂಡಿಯಾನಾಪೊಲಿಸ್‌ಗೆ ಮುಖ್ಯ ಕೋಚ್ ಆದರು, 2021ರಲ್ಲಿ ವೆಂಟ್ಸ್ ಕೂಡ ಅವರ ಹತ್ತಿರವೇ ಹೋದ. ಪೀಡರ್ಸನ್‌ರನ್ನು 2021ರ ಜನವರಿಯಲ್ಲಿ ಈಗಲ್ಸ್‌ನವರೇ ತೆಗೆದರು. ಗೆದ್ದು ಮೂರು ವರ್ಷವೂ ಆಗಿರಲಿಲ್ಲ. ಸ್ಟೇಡಿಯಂ ಹೊರಗೆ ಅವರದೂ ಫೋಲ್ಸ್‌ದೂ ಪ್ರತಿಮೆ ಅಷ್ಟು ಹೊತ್ತಿಗೆ ನಿಂತಾಗಿತ್ತು, ಟೈಮ್‌ಔಟ್‌ನಲ್ಲಿ ಮಾತಾಡುತ್ತಿರುವ ಹಾಗೆ. ತಂಡ 2025ರ ಫೆಬ್ರವರಿಯಲ್ಲಿ ಮತ್ತೆ ಸೂಪರ್ ಬೌಲ್ ಗೆದ್ದಿತು, ಕ್ಯಾನ್ಸಸ್ ಸಿಟಿ ಮೇಲೆ 40-22. ಇನ್ನೂ ಬಲವಾದ ತಂಡ, ಒಪ್ಪುತ್ತೇನೆ. ನಾನು ಆಗ ಬೆಂಗಳೂರಲ್ಲಿ ಬೆಳಗ್ಗೆ ಎದ್ದು ನೋಡಿದೆ, ಖುಷಿಪಟ್ಟು ಹಲ್ಲುಜ್ಜಲು ಹೋದೆ.

ಯಜಮಾನರು ರಿಟೈರ್ ಆಗಿದ್ದಾರೆ. ಪ್ರತಿ ಫೆಬ್ರವರಿ 4ಕ್ಕೆ ಅವರಿಂದ ಒಂದು ಮೆಸೇಜ್ ಬರುತ್ತದೆ, ‘ಫಿಲಿ ಫಿಲಿ?’ ಅಂತ. ಬೇಕಂತಲೇ ತಪ್ಪು ಹೆಸರು. ನಾನು ಒಂದು ಕ್ಷಣ ಬಿಟ್ಟು ಉತ್ತರ ಹಾಕುತ್ತೇನೆ.