ಫಾಯಿಲ್ ಪುರಾಣ

ಪುಳಿಯೋಗರೆ ಮುಚ್ಚಿಟ್ಟವನು ನಾನೇ. ಒಪ್ಪಿಕೊಳ್ಳುತ್ತೇನೆ. ಆದರೆ ಹಾಡು ಗುನುಗಿಕೊಂಡು ಮುಚ್ಚಿದ್ದೆ. ಹಾಗಾಗಿ ಅರ್ಧ ತಪ್ಪು ಹಾಡಿನದು.

ಅವತ್ತು ಮನೆಯಲ್ಲಿ ಸತ್ಯನಾರಾಯಣ ಪೂಜೆ. ನೆಂಟರೆಲ್ಲ ಹೋದ ಮೇಲೆ ಒಂದು ಸ್ಟೀಲ್ ಪಾತ್ರೆ ತುಂಬ ಪುಳಿಯೋಗರೆ ಉಳಿದಿತ್ತು. "ರೀ, ಅದಕ್ಕೊಂದು ತಟ್ಟೆ ಮುಚ್ಚಿ ಫ್ರಿಜ್ಜಲ್ಲಿಡಿ" ಅಂತ ಹೇಳಿ ಹೆಂಡತಿ ಮಲಗಲು ಹೋದಳು. ನಾನು ತಟ್ಟೆ ಹುಡುಕುವ ಗೋಜಿಗೆ ಹೋಗಲಿಲ್ಲ. ಅಲ್ಯೂಮಿನಿಯಂ ಫಾಯಿಲ್ ಸುರುಳಿ ಎಳೆದೆ, ಟರ್ರಂತ ಹರಿದೆ, ಅನ್ನಕ್ಕೆ ತಾಗುವ ಹಾಗೆ ಅದುಮಿ, ಅಂಚನ್ನು ಪಾತ್ರೆಯ ಕಂಠಕ್ಕೆ ಒತ್ತಿ ಮಡಚಿದೆ. ನೋಡಲು ಬೆಳ್ಳಿ ಕಲಶದ ಹಾಗಿತ್ತು.

ಬೆಳಿಗ್ಗೆ ತೆಗೆದರೆ ಆ ಬೆಳ್ಳಿಯ ತುಂಬ ಸೂಜಿಯಲ್ಲಿ ಚುಚ್ಚಿದಂಥ ತೂತು. ಕೆಳಗೆ ಅನ್ನದ ಮೇಲೆ ಬೂದು ಬಣ್ಣದ ಚುಕ್ಕೆಗಳು. ಅತ್ತೆ ಬಗ್ಗಿ ನೋಡಿ, "ಫ್ರಿಜ್ಜಿಗೆ ಇಲಿ ಹೊಕ್ಕಿದೆ" ಎಂದು ತೀರ್ಪು ಕೊಟ್ಟರು. ಹತ್ತನೇ ಕ್ಲಾಸಿನ ಮಗ ಮಾತ್ರ ಖುಷಿಯಾಗಿ, "ಅಪ್ಪಾ, ನೀನು ಬ್ಯಾಟರಿ ಮಾಡಿದ್ದೀಯ!" ಎಂದ. ಒಂದು ಕಡೆ ಸ್ಟೀಲ್, ಇನ್ನೊಂದು ಕಡೆ ಅಲ್ಯೂಮಿನಿಯಂ, ನಡುವೆ ಉಪ್ಪು ಮತ್ತು ಹುಣಸೆಹುಳಿ. ರಾತ್ರಿಯಿಡೀ ಫ್ರಿಜ್ಜಿನೊಳಗೆ ಅಲ್ಯೂಮಿನಿಯಂ ಸುಮ್ನೆ ಕರಗುತ್ತಾ ಇತ್ತಂತೆ. ದೇವರ ಪ್ರಸಾದವನ್ನು ಬ್ಯಾಟರಿ ಮಾಡಿದವನು ನಮ್ಮ ವಂಶದಲ್ಲಿ ನಾನೇ ಮೊದಲಿಗ.

ನಾನು ಗುನುಗುತ್ತಿದ್ದ ಹಾಡಿನ ಹೆಸರೇ 'ಫಾಯಿಲ್'. ಹಾಡಿದವನು ಅಮೆರಿಕದ 'ವಿಯರ್ಡ್ ಆಲ್' ಯಾಂಕೊವಿಕ್, ಹಿಟ್ ಹಾಡುಗಳ ಟ್ಯೂನಿಗೆ ತಮಾಷೆ ಪದ ಕೂರಿಸಿ ಅಣಕಿಸುವ ಗಾಯಕ. ಉಳಿದ ಅಡುಗೆಯನ್ನು ಫಾಯಿಲ್‌ನಲ್ಲಿ ಸುತ್ತಿಟ್ಟರೆ ಎಷ್ಟು ಚೆನ್ನ ಅಂತ ಶುರುವಾಗುವ ಹಾಡು, ಎರಡನೇ ಅರ್ಧದಲ್ಲಿ ತಲೆಗೆ ಫಾಯಿಲ್ ಟೋಪಿ ಹಾಕಿಕೊಂಡು ಅನ್ಯಗ್ರಹದವರಿಂದ ತಪ್ಪಿಸಿಕೊಳ್ಳುವಲ್ಲಿಗೆ ಹೋಗಿ ನಿಲ್ಲುತ್ತದೆ. ಎರಡೂವರೆ ನಿಮಿಷದಲ್ಲಿ ಅಡುಗೆಮನೆಯಿಂದ ಹುಚ್ಚಿನವರೆಗೆ. ಹುಳಿ ಪದಾರ್ಥದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅಭಿಮಾನಿಯಾಗಿ ನನ್ನ ಮೊದಲ ತಕರಾರು ಇದೇ.

ಈ ಹಾಡಿರುವ ಆಲ್ಬಂ 'ಮ್ಯಾಂಡೇಟರಿ ಫನ್', ಅಂದರೆ ಕಡ್ಡಾಯ ಮೋಜು. 2014ರ ಜುಲೈನಲ್ಲಿ ಬಂತು. ಎಂಟು ದಿನ, ದಿನಕ್ಕೊಂದರಂತೆ ಎಂಟು ವಿಡಿಯೋ ಬಿಟ್ಟ. ಆಗ ಆತನಿಗೆ ಐವತ್ತನಾಲ್ಕು. 1983ರಿಂದ ಆಲ್ಬಂ ಮಾಡುತ್ತಿದ್ದರೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಆಗಲೇ, ಹದಿನಾಲ್ಕನೇ ಆಲ್ಬಮ್ಮಿಗೆ. ಹಾಸ್ಯದ ಆಲ್ಬಂ ಒಂದು ಅಲ್ಲಿಗೆ ಏರಿ ಐವತ್ತು ವರ್ಷ ದಾಟಿತ್ತು. ಹಿಂದಿನದು 1963ರಲ್ಲಿ, ಅಲನ್ ಶೆರ್ಮನ್ ಅನ್ನುವವರದು. ಆಲ್‌ಗೆ ಸಿಕ್ಕಿದ್ದು ಅಕಾರ್ಡಿಯನ್ ಹಿಡಿದು ಮೂವತ್ತು ವರ್ಷ ಆಲ್ಬಂ ಮಾಡಿದ ಮೇಲೆ! ಹಾರ್ಮೋನಿಯಂ ಅನ್ನು ಕೂಸಿನ ಹಾಗೆ ಎದೆಗೆ ಕಟ್ಟಿಕೊಂಡು ನುಡಿಸುತ್ತಾರಲ್ಲ, ಅದು. ಹುಡುಗನಾಗಿದ್ದಾಗ ಮನೆಬಾಗಿಲಿಗೆ ಬಂದ ಸೇಲ್ಸ್‌ಮನ್ ಒಬ್ಬ ಗಿಟಾರ್ ಪಾಠ ಬೇಕೋ ಅಕಾರ್ಡಿಯನ್ ಪಾಠ ಬೇಕೋ ಎಂದು ಕೇಳಿದನಂತೆ. ಅಪ್ಪ ಅಮ್ಮ ಅಕಾರ್ಡಿಯನ್ ಅಂದರು. ಫ್ರ್ಯಾಂಕಿ ಯಾಂಕೊವಿಕ್ ಅಂತ ಆಗ ಪ್ರಸಿದ್ಧ ಅಕಾರ್ಡಿಯನ್ ವಾದಕರೊಬ್ಬರಿದ್ದರು. ನೆಂಟರಲ್ಲ, ಅಡ್ಡಹೆಸರು ಒಂದೇ, ಅಷ್ಟೇ. ಅಷ್ಟಕ್ಕೇ ಮಗನ ಭವಿಷ್ಯ ತೀರ್ಮಾನವಾಯಿತು. ನಮ್ಮಲ್ಲಿ ಎಂಜಿನಿಯರಿಂಗ್ ಬ್ರಾಂಚ್ ಆರಿಸುವುದೂ ಹೆಚ್ಚುಕಡಿಮೆ ಹೀಗೇ ಅಲ್ವಾ?

ನನ್ನ ಕಷ್ಟ ಬೇರೆ. ಈತ ಅಣಕಿಸುವ ಹಾಡುಗಳ ಅಸಲಿ ನನಗೆ ಗೊತ್ತಿಲ್ಲ. ನಾನು ಪಿ.ಬಿ. ಶ್ರೀನಿವಾಸ್ ಕಾಲದಲ್ಲೇ ನಿಂತುಬಿಟ್ಟವನು. ಇಂಗ್ಲಿಷ್ ಪಾಪ್ ನನ್ನ ಕಿವಿಗೆ ಬಂದಿದ್ದೇ ಅಣಕು ರೂಪದಲ್ಲಿ, ನಕಲಿ ಮೊದಲು, ಅಸಲಿ ಆಮೇಲೆ. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಗಿಟಾರ್ ಹಿಡಿದು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಟ್ಯೂನ್ ನನಗೆ ಬಾಯಿಪಾಠ. ಉತ್ಸಾಹ ತಡೆಯಲಾಗದೆ ಹಿಂದಿನ ಸಾಲಿನಿಂದ ದನಿಗೂಡಿಸಿದೆ. ಆಕೆ ರಾಜಮನೆತನ, ವಜ್ರ ವೈಡೂರ್ಯ ಎನ್ನುತ್ತಿದ್ದಾಗ ನಾನು ಉಳಿದ ಊಟ, ಫಾಯಿಲ್ ಎನ್ನುತ್ತಿದ್ದೆ. ಗಿಟಾರ್ ನಿಂತಿತು. ನಾನು ಇನ್ನೂ ಅರ್ಧ ಸಾಲು ಮುಂದೆ ಹೋದೆ.

ಮುಗಿದ ಮೇಲೆ ಸುಮ್ಮನಿರಬೇಕಿತ್ತು. ಹೋಗಿ, "ಚೆನ್ನಾಗಿ ಹಾಡ್ತೀಯಮ್ಮ, ಆದರೆ ಯಾರೋ ಫಾಯಿಲ್ ಹಾಡಿನ ಟ್ಯೂನ್ ಎತ್ತಿದ್ದಾರೆ" ಎಂದೆ.

"ಅಂಕಲ್, ಇದು ಲಾರ್ಡ್ ಅನ್ನೋ ಗಾಯಕಿ ಹಾಡಿರೋ 'ರಾಯಲ್ಸ್'. ಇದಕ್ಕೆ ಗ್ರ್ಯಾಮಿ ಬಂದಿದೆ."

"ನಮ್ಮ ಆಲ್ಬಮ್ಮಿಗೂ ಬಂದಿದೆ" ಎಂದೆ. ಸುಳ್ಳಲ್ಲ, 2015ರಲ್ಲಿ ಹಾಸ್ಯ ವಿಭಾಗದಲ್ಲಿ ಬಂದಿದೆ. ಆದರೆ "ನಮ್ಮ" ಅಂದಿದ್ದು ಸ್ವಲ್ಪ ಜಾಸ್ತಿಯಾಯಿತು.

ಇದು ನನಗೆ ಹೊಸ ರೋಗವಲ್ಲ. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದ ಬಸ್ಸಿನಲ್ಲಿ ಕೈಲಾಸಂ ಅವರ 'ತಿಪ್ಪಾರಳ್ಳಿ' ಹಾಡು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೆವು. ಎಷ್ಟೋ ವರ್ಷದ ಮೇಲೆ ಟಿವಿಯಲ್ಲಿ ಮೊದಲ ಮಹಾಯುದ್ಧದ ಚಿತ್ರವೊಂದು ಬರುತ್ತಿತ್ತು. ಬ್ರಿಟಿಷ್ ಸೈನಿಕರು ಬಂದೂಕು ಹೊತ್ತುಕೊಂಡು ಅದೇ ಧಾಟಿಯಲ್ಲಿ ಟಿಪ್ಪರರಿ, ಟಿಪ್ಪರರಿ ಅಂತ ಹಾಡುತ್ತಾ ನಡೆದರು. ಪಾಪ, ಸಾಯಲು ಹೊರಟವರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ತಿಪ್ಪಾರಳ್ಳಿ ಇವರಿಗೆ ಹೇಗೆ ಸಿಕ್ಕಿತು ಅಂತ ಒಂದು ಕ್ಷಣ ನಿಜವಾಗಿ ಯೋಚಿಸಿದ್ದೆ.

ಆಲ್ಬಮ್ಮಿಗೆ ಬರೋಣ. ಎಲ್ಲವೂ ಚೆನ್ನಾಗಿದೆ ಅನ್ನುವ ಅಭಿಮಾನಿ ನಾನಲ್ಲ. 'ಇನ್ಆಕ್ಟಿವ್' ಸೋಮಾರಿಯ ಹಾಡು, ಹಾಡೂ ಸೋಮಾರಿಯಾಗಿದೆ. 'ಹ್ಯಾಂಡಿ' ಮನೆ ರಿಪೇರಿಯವನ ಜಂಬ, ಒಂದು ಸಲಕ್ಕೆ ಸಾಕು. ಪೋಲ್ಕಾ, ಅಂದರೆ ಯುರೋಪಿನ ಕುಣಿತದ ಧಾಟಿಯ ಹಾಡು, ಮಾತ್ರ ಅದ್ಭುತ. ಆ ಕಾಲದ ಹಿಟ್ ಹಾಡುಗಳನ್ನೆಲ್ಲ ಪದ ಬದಲಿಸದೆ, ಬರೀ ವೇಗ ಬದಲಿಸಿ, ಅಕಾರ್ಡಿಯನ್ ಜೊತೆ ಕುಣಿಸುತ್ತಾನೆ. ವಿರಹದ ಭಾವಗೀತೆಯನ್ನು ತಮಟೆ ಏಟಿಗೆ ಹಾಡಿದರೆ ಹೇಗಿರುತ್ತದೋ ಹಾಗೆ.

'ವರ್ಡ್ ಕ್ರೈಮ್ಸ್' ವ್ಯಾಕರಣ ತಪ್ಪು ಮಾಡುವವರನ್ನು ಬೈಯುವ ಹಾಡು. ಅದನ್ನು ಕೇಳಿ ಕೇಳಿ ನನಗೂ ಮೈಮೇಲೆ ಬಂತು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ನಮ್ಮ ಮದುವೆ ವಾರ್ಷಿಕೋತ್ಸವಕ್ಕೆ "ಆರ್ಥಿಕ ಶುಭಾಶಯಗಳು" ಎಂದು ಹಾಕಿದರು. "ದೊಡ್ಡಪ್ಪ, ಅದು ಹಾರ್ದಿಕ" ಎಂದು ಬರೆದೆ. ಐದು ನಿಮಿಷ ಗ್ರೂಪ್ ಸ್ತಬ್ಧ. ಆಮೇಲೆ ದೊಡ್ಡಪ್ಪನ ಉತ್ತರ: "ಸರಿ ಕಣಪ್ಪ, ಹಾರ್ದಿಕವಾಗೇ ಇಟ್ಕೋ. ಐದು ಸಾವಿರ ಗೂಗಲ್ ಪೇ ಮಾಡೋಣ ಅಂತಿದ್ದೆ." ಎರಡು ಅಕ್ಷರಕ್ಕೆ ಐದು ಸಾವಿರ. ಹೆಂಡತಿ ಇವತ್ತಿಗೂ ಈ ವಿಷಯ ಎತ್ತುತ್ತಾಳೆ. ಅಂದಹಾಗೆ, ಆಲ್ ಕೂಡ ಅದೇ ಹಾಡಿನಲ್ಲಿ ಅಂಗವಿಕಲರಿಗೆ ನೋವಾಗುವ ಒಂದು ಪದ ಬಳಸಿ ಆಮೇಲೆ ಕ್ಷಮೆ ಕೇಳಬೇಕಾಯಿತು. ಬೇರೆಯವರ ಪದ ತಿದ್ದಲು ಹೊರಟವರ ಪಾಡು ಅಲ್ಲೂ ಇಷ್ಟೇ.

ನನ್ನ ಮೆಚ್ಚಿನದು 'ಮಿಷನ್ ಸ್ಟೇಟ್‌ಮೆಂಟ್'. ಹಿಪ್ಪಿಗಳ ಕಾಲದ ಇಂಪಾದ ಒಗ್ಗಟ್ಟಿನ ಗಾಯನದಲ್ಲಿ ಬರೀ ಕಂಪನಿ ಭಾಷೆ: ಸಿನರ್ಜಿ, ಲೆವರೇಜ್, ಆ ಥರ. ಇದಕ್ಕೆ ಯಾವ ಅಸಲಿ ಹಾಡೂ ಗೊತ್ತಿರಬೇಕಿಲ್ಲ, ಬೆಂಗಳೂರಿನಲ್ಲಿ ಆರು ತಿಂಗಳು ನೌಕರಿ ಮಾಡಿದ್ದರೆ ಸಾಕು. ವಿಡಿಯೋದಲ್ಲಿ ಒಂದು ಕೈ ಬಿಳಿ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾ ಹೋಗುತ್ತದೆ. ನೋಡಿ ನಗಲಿ ಅಂತ ಅದನ್ನು ಟೀಮ್ ಗ್ರೂಪಿಗೆ ಹಾಕಿದೆ. ನಮ್ಮ ಮ್ಯಾನೇಜರ್ ನಗಲಿಲ್ಲ. ಟ್ರೈನಿಂಗ್ ವಿಡಿಯೋ ಅಂದುಕೊಂಡರು. "ಒಳ್ಳೆಯ ವಿಷಯ, ಎಲ್ಲರೂ ಶುಕ್ರವಾರದೊಳಗೆ ನೋಡಿ ಮುಗಿಸಿ" ಎಂದು ಮೂವತ್ತು ಜನಕ್ಕೆ ಮೇಲ್ ಹೋಯಿತು. ಕಡ್ಡಾಯ ಮೋಜು ಅಂದರೆ ಏನು ಅಂತ ಆಗ ಅರ್ಥವಾಯಿತು. ನನ್ನನ್ನೇ ಅದರ ಮೇಲೆ ಹತ್ತು ನಿಮಿಷ ಮಾತಾಡಲು ಹೇಳಿದರು. ಮಾತಾಡಿದೆ. ಚಪ್ಪಾಳೆ ಬಂತು.

ಇನ್ನು ಕೊನೆಯ ಹಾಡು, 'ಜಾಕ್ಸನ್ ಪಾರ್ಕ್ ಎಕ್ಸ್‌ಪ್ರೆಸ್'. ಒಂಬತ್ತು ನಿಮಿಷ. ಬಸ್ಸಿನಲ್ಲಿ ಒಬ್ಬ ಎದುರಿನ ಹುಡುಗಿಯ ಮುಖ ನೋಡುತ್ತಾ, ಅವಳ ಒಂದೊಂದು ನೋಟಕ್ಕೂ ಉದ್ದುದ್ದ ಅರ್ಥ ಕಟ್ಟಿಕೊಂಡು, ಪ್ರೇಮ, ಜಗಳ, ಬಾಳು ಎಲ್ಲ ಮನಸ್ಸಿನಲ್ಲೇ ಮುಗಿಸುತ್ತಾನೆ. ಅವಳ ಸ್ಟಾಪ್ ಬರುತ್ತದೆ, ಇಳಿದು ಹೋಗುತ್ತಾಳೆ. ಒಂದು ಮಾತೂ ಆಗಿರುವುದಿಲ್ಲ. ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ನಾನು ಇದೇ ಪಯಣ ಎರಡು ವರ್ಷ ಮಾಡಿದ್ದೇನೆ. ಹೆಂಡತಿಗೆ ಹೇಳಿಲ್ಲ.

ಆಲ್ ಬಗ್ಗೆ ನನಗೆ ಗೌರವ ಬರುವ ವಿಷಯ ಇನ್ನೊಂದಿದೆ. ಅಣಕು ಮಾಡುವ ಮೊದಲು ಅಸಲಿ ಹಾಡಿನವರ ಒಪ್ಪಿಗೆ ಕೇಳುತ್ತಾನೆ. ಅಲ್ಲಿನ ಕಾನೂನು ಅಣಕಿಗೆ ಸಾಕಷ್ಟು ಸಡಿಲ, ಆದರೂ ಕೇಳುತ್ತಾನೆ. ಮೈಕಲ್ ಜಾಕ್ಸನ್ ಒಪ್ಪಿದರು, ಪ್ರಿನ್ಸ್ ಎಷ್ಟು ಕೇಳಿದರೂ ಒಪ್ಪಲಿಲ್ಲ. ಪಾಲ್ ಮೆಕಾರ್ಟ್ನಿಯ ಹಾಡೊಂದನ್ನು ಕೋಳಿ ತಿನಿಸಿನ ಹಾಡು ಮಾಡಲು ಹೊರಟಾಗ, ಸಸ್ಯಾಹಾರಿಯಾದ ಅವರು ಬೇಡ ಎಂದರಂತೆ. ತಾನೂ ಸಸ್ಯಾಹಾರಿಯಾದ ಆಲ್ ಸುಮ್ಮನೆ ಕೈಬಿಟ್ಟ. ನಮ್ಮ ಕಡೆ ಟ್ಯೂನ್ ಎತ್ತುವವರು ಕೇಳುವುದಿರಲಿ, ಎತ್ತಿದ್ದೇವೆ ಅಂತ ಹೇಳುವುದೂ ಅಪರೂಪ.

ಪುಳಿಯೋಗರೆಯ ಮೇಲುಪದರ ತೆಗೆದು ಎಸೆದೆವು. ಉಳಿದಿದ್ದನ್ನೂ ಯಾರೂ ಮುಟ್ಟಲಿಲ್ಲ. ಫಾಯಿಲ್ ಸುರುಳಿ ಈಗ ಅಟ್ಟದ ಮೇಲಿದೆ, ನನ್ನ ಕೈಗೆ ಸಿಗದ ಹಾಗೆ. ಮೊನ್ನೆ ಮಾಲ್‌ನಲ್ಲಿ ಎಸ್ಕಲೇಟರ್ ಹತ್ತುತ್ತಿದ್ದಾಗ ಸ್ಪೀಕರಿನಿಂದ 'ರಾಯಲ್ಸ್' ಬಂತು. ಈ ಸಲ ನಾನು ಬಾಯಿ ಬಿಗಿಹಿಡಿದು ನಿಂತಿದ್ದೆ. ಹೆಂಡತಿ ತಲೆಯೆತ್ತಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಮುಂದಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು:

"ರೀ, ನಿಮ್ಮ ಫಾಯಿಲ್ ಹಾಡಿಗೆ ಯಾರೋ ಏನೇನೋ ಪದ ಹಾಕಿ ಕೆಡಿಸಿದ್ದಾರೆ ನೋಡಿ."