ಎಲ್ಲ ಖಾನೆಯಲ್ಲೂ ಹಸಿರು ರೈಟ್ ಮಾರ್ಕು

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ಕ್ಕೆ ಜಾರಿಗೆ ಬಂದವೋ ಇಲ್ಲವೋ, ನೌಕರರ ಹಾಜರಿ, ರಜೆ, ಸಂಬಳದ ಲೆಕ್ಕ ಇಡುವ ಎಚ್‌ಆರ್ ಸಾಫ್ಟ್‌ವೇರ್ ಮಾರುವವರೆಲ್ಲ ‘ಲೇಬರ್ ಕೋಡ್ ರೆಡಿ’ ಎಂದು ಬೋರ್ಡು ತಗುಲಿಸಿಕೊಂಡು ನಿಂತರು. ನಿಯಮಗಳು ಆಗಿನ್ನೂ ಅಂತಿಮವಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನಮಗೇನು ಹೊಸದಲ್ಲ. ಕುಲಾವಿಗೆ ತಿಂಗಳ ಬಾಡಿಗೆ, ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಹಾಕುವುದು ಹೊಸದು.

ಅಲ್ಲಿಂದ ಶುರುವಾಯಿತು ನೋಡಿ ಹೋಲಿಕೆ ಪಟ್ಟಿಗಳ ಸುಗ್ಗಿ. ಎಡಗಡೆ ಅರವತ್ತು ಸಾಲು, ಮೇಲ್ಗಡೆ ಆರು ಹೆಸರು, ನಡುವೆಲ್ಲ ಹಸಿರು ರೈಟ್ ಮಾರ್ಕು. ಹಾಜರಿ? ರೈಟ್. ಸಂಬಳ ಲೆಕ್ಕಹಾಕುವ ಪೇರೋಲ್? ರೈಟ್. ವರ್ಷದ ಕೆಲಸ ಅಳೆಯುವ ಅಪ್ರೈಸಲ್? ರೈಟ್. ಎಐ? ರೈಟ್, ಪಕ್ಕದಲ್ಲೊಂದು ನಕ್ಷತ್ರ. ಆರಕ್ಕೆ ಆರೂ ಡಿಸ್ಟಿಂಕ್ಷನ್. ಪಟ್ಟಿ ತುಂಬಿದವರು ಮಾರುವವರೇ ಆದ್ದರಿಂದ ಫೇಲಾಗುವ ಪ್ರಶ್ನೆಯೇ ಇಲ್ಲ. ‘ಹಾಜರಿ’ ಎಂಬ ಸಾಲಿಗೆ ರೈಟ್ ಬೀಳಲು ಪಂಚ್ ಮಾಡುವ ಒಂದು ಬಟನ್ ಇದ್ದರೆ ಸಾಕು. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೋಗುವ ಪಾಳಿಯವನನ್ನು ಅದು ಎರಡು ಅರ್ಧ ದಿನವಾಗಿ ಕತ್ತರಿಸಿ, ಎರಡೂ ದಿನ ‘ಗೈರು’ ಎಂದು ಬರೆದರೂ ರೈಟು ರೈಟೇ.

ಬೆಲೆಯ ಸಾಲಿನಲ್ಲಿ ಮಾತ್ರ ರೈಟೂ ಇಲ್ಲ, ತಪ್ಪೂ ಇಲ್ಲ. ‘ಸಂಪರ್ಕಿಸಿ’ ಎಂದಿರುತ್ತದೆ. ಸಂಪರ್ಕಿಸಿದರೆ ಒಬ್ಬ ನೌಕರನಿಗೆ ತಿಂಗಳಿಗೆ ಇಷ್ಟು ಎನ್ನುತ್ತಾರೆ, ಕೇಳಲು ಹಗುರ. ಆಮೇಲೆ ನಲವತ್ತು ಜನರ ಕಂಪನಿಗೆ ಕನಿಷ್ಠ ನೂರು ಜನರ ಬಿಲ್ಲು. ಇನ್ನೂ ಕೆಲಸಕ್ಕೇ ಸೇರದ ಅರವತ್ತು ಜನರಿಗೂ ಬಾಡಿಗೆ ಕಟ್ಟಬೇಕು. ಅಳವಡಿಕೆಗೆ ಬೇರೆ, ಬಯೊಮೆಟ್ರಿಕ್ ಯಂತ್ರ ಜೋಡಿಸಲು ಬೇರೆ, ಲೆಕ್ಕಪತ್ರದ ಟ್ಯಾಲಿಗೆ ಜೋಡಿಸಲು ಬೇರೆ, ಅಪ್ರೈಸಲ್ ಮಾಡ್ಯೂಲ್ ಬೇರೆ. ಮದುವೆ ಛತ್ರದವರ ಲೆಕ್ಕವೇ ಇದು: ಛತ್ರಕ್ಕೆ ಇಷ್ಟು, ಪಾತ್ರೆಗೆ ಇಷ್ಟು, ಜನರೇಟರಿನ ಡೀಸೆಲ್ಲು ನಿಮ್ಮದು. ವ್ಯತ್ಯಾಸ ಒಂದೇ, ಛತ್ರದವರು ಮರುದಿನ ಬೀಗದ ಕೈ ಇಸಿದುಕೊಂಡು ಬಿಟ್ಟುಬಿಡುತ್ತಾರೆ.

ಈ ಸಾಫ್ಟ್‌ವೇರುಗಳ ಹೆಸರಿನ ಚಂದ ನೋಡಿ. ಹೈದರಾಬಾದಿನ ಡಾರ್ವಿನ್‌ಬಾಕ್ಸ್: ಬಲಿಷ್ಠರಷ್ಟೇ ಉಳಿಯುತ್ತಾರೆ, ಉಳಿದವರೂ ಡಬ್ಬಿಯೊಳಗೇ. ಅದೇ ಊರಿನ ಕೇಕಾ: ತೆಲುಗರಿಗೆ ಅದು ‘ಭಲೇ’ ಅಂದಹಾಗೆ, ನಮ್ಮ ಕಿವಿಗೆ ಬೀಳುವುದು ಕೇಕೆ. ಕ್ಯಾಲಿಫೋರ್ನಿಯಾದ ವರ್ಕ್‌ಡೇ ಹೆಸರಿನಲ್ಲೇ ರಜೆ ನಿರಾಕರಿಸಿದೆ. ಸ್ಯಾಪ್‌ನವರ ಸಕ್ಸಸ್‌ಫ್ಯಾಕ್ಟರ್ಸ್, ಚೆನ್ನೈನ ಜೋಹೋ ಪೀಪಲ್, ನಮ್ಮ ಬೆಂಗಳೂರಿನದೇ ಗ್ರೇಟ್‌ಎಚ್‌ಆರ್. ಒಂದಕ್ಕಾದರೂ ‘ಸಂಬಳ’ ಎಂದು ಹೆಸರಿಡಲು ಯಾರಿಗೂ ಧೈರ್ಯ ಬಂದಿಲ್ಲ.

ಡೆಮೊ ಎಂದರೆ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತು, ತಲೆತಗ್ಗಿಸಿ ಕೂತ ಡ್ಯಾಶ್‌ಬೋರ್ಡು. ಡೆಮೊ ಕಂಪನಿಯ ನೌಕರರು ಪುಣ್ಯವಂತರು. ಎಲ್ಲರೂ ಒಂದನೇ ತಾರೀಕೇ ಸೇರಿದವರು, ಎಲ್ಲರಿಗೂ ಫಸ್ಟ್ ನೇಮು, ಲಾಸ್ಟ್ ನೇಮು, ಯಾರೂ ಸಂಬಳವಿಲ್ಲದ ರಜೆ ಹಾಕಿಲ್ಲ, ಯಾರೂ ಕೆಲಸ ಬಿಟ್ಟಿಲ್ಲ. ಸಾಲಾವಳಿ ಭೇಷಾಗಿ ಕೂಡಿಬರುತ್ತದೆ. ಸಂಸಾರ ಮಾಡಬೇಕಾದ ಆರುನೂರು ಜನ ಆ ಕೋಣೆಯಲ್ಲಿ ಇರುವುದಿಲ್ಲ.

ಆ ಕೋಣೆಯಲ್ಲಿ ಒಬ್ಬ ಮಂಜುನಾಥ ಕೆ.ಎಸ್. ಅವರನ್ನು ಸೇರಿಸಿ ನೋಡಿ ಎಂದು ಯಾರಾದರೂ ಕೇಳಬೇಕು. ಹದಿನೇಳನೇ ತಾರೀಕು ಸೇರಿದವರು, ಅಪ್ಪಟ ಕಡೂರಿನವರು. ಲಾಸ್ಟ್ ನೇಮ್ ಕಡ್ಡಾಯ ಎನ್ನುತ್ತದೆ ಯಂತ್ರ. ಅವರಿಗದು ಇಲ್ಲ, ಅವರಪ್ಪನಿಗೂ ಇರಲಿಲ್ಲ. ಚುಕ್ಕೆ ಇಟ್ಟರೆ ‘ವಿಶೇಷ ಚಿಹ್ನೆಗೆ ಅವಕಾಶವಿಲ್ಲ’. ಕೊನೆಗೆ ಕೆಎಸ್ ಎಂದು ತುಂಬಿದರೆ ಮರುಕ್ಷಣ ‘ಡಿಯರ್ ಮಿಸ್ಟರ್ ಕೆಎಸ್’ ಎಂದು ಸ್ವಾಗತ ಪತ್ರ. ನಗುವುದು ಅಷ್ಟಕ್ಕೇ ಮುಗಿಯಲಿ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆದ್ದರಿಂದ ಅಲ್ಲಿ ಅವರು ಊರು, ಅಪ್ಪ, ತಾನು ಮೂವರೂ ಸೇರಿ ಒಬ್ಬರು. ಆಧಾರಿನಲ್ಲಿ ಮಂಜುನಾಥ ಕೆ ಎಸ್. ಇಂಗ್ಲಿಷ್ ಸ್ಪೆಲ್ಲಿಂಗಿನ ಕೊನೆಗೆ ಒಂದು ಕಡೆ ‘ಎ’ ಇದೆ, ಇನ್ನೊಂದು ಕಡೆ ಇಲ್ಲ. ಪಿಎಫ್‌ನ ಖಾಯಂ ಸಂಖ್ಯೆಯಾದ ಯುಎಎನ್ ಆಧಾರಿಗೆ ಹೊಂದಬೇಕು, ಆದಾಯ ತೆರಿಗೆ ಪ್ಯಾನಿಗೆ ಹೊಂದಬೇಕು, ಸಾಫ್ಟ್‌ವೇರಿನಲ್ಲಿ ಹೆಸರಿಗೆ ಜಾಗ ಒಂದೇ. ಆಧಾರಿನಂತೆ ಹೆಸರು, ಪ್ಯಾನಿನಂತೆ ಹೆಸರು, ಬ್ಯಾಂಕಿನಂತೆ ಹೆಸರು ಎಂದು ಮೂರು ಬೇರೆ ಬೇರೆ ಖಾನೆ ಇವೆಯೇ? ಇಷ್ಟು ಕೇಳಿದರೆ ಮಾರುವ ಹುಡುಗ ನೀರು ಕುಡಿಯುತ್ತಾನೆ. ಆ ಒಂದು ‘ಎ’ ಅಕ್ಷರ ಹತ್ತು ವರ್ಷ ಆದಮೇಲೆ, ಮಗಳ ಮದುವೆಗೆ ಪಿಎಫ್ ಹಣ ತೆಗೆಯಲು ಹೋದಾಗ ಎದ್ದು ಬರುತ್ತದೆ.

ಹುಟ್ಟಿದ ದಿನದ ಕತೆ ಇನ್ನೊಂದು. ಹಳ್ಳಿ ಕಡೆಯವರಿಗೆ ಅದನ್ನು ಕೊಟ್ಟದ್ದು ತಾಯಿಯಲ್ಲ, ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಹೆಡ್‌ಮೇಷ್ಟ್ರು. ಅವರು ಜೂನ್ ಒಂದು ಎಂದು ಗೀಚಿದ್ದರಿಂದ ಪ್ರತಿ ವರ್ಷ ಆ ದಿನ ಸಾಫ್ಟ್‌ವೇರಿಗೆ ಜಾತ್ರೆ, ಬಲೂನು ಹಾರಿಸಿ ಹಾರಿಸಿ ಸುಸ್ತು. ಬಲೂನು ಬಿಡಿ, ಅದೇ ತಾರೀಕಿನ ಲೆಕ್ಕದಲ್ಲಿ 58 ತುಂಬಿದ ದಿನ ಪಿಂಚಣಿ ನಿಧಿಗೆ ಕಟ್ಟುವುದು ನಿಲ್ಲಬೇಕು. ಕಂಪನಿ ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿಗೆ ಹೋಗುತ್ತದಲ್ಲ, 15,000ದ ಮಿತಿಗೆ 1,250 ರೂಪಾಯಿ, ಅದು ಆಮೇಲೆ ಪೂರ್ತಿ ಪಿಎಫ್‌ಗೇ ಬೀಳಬೇಕು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಸಂಬಳ ಆಗಲೇ 15,000 ದಾಟಿದ್ದರೆ ಅವರಿಗೆ ಪಿಂಚಣಿ ಪಾಲೇ ಇಲ್ಲ. ಸಾಫ್ಟ್‌ವೇರ್ ಯಾರನ್ನೂ ಕೇಳದೆ ಎಲ್ಲರ ತಲೆಗೂ 1,250 ಹಾಕಿರುತ್ತದೆ. ತಪ್ಪು ಗೊತ್ತಾಗುವುದು ವರ್ಷಗಳ ನಂತರ, ಅದನ್ನು ಸರಿಮಾಡಿಸಲು ಅಲೆಯುವುದು ನೌಕರ.

ಇಷ್ಟೆಲ್ಲ ಕ್ಲೌಡು, ಎಐ, ಅನಾಲಿಟಿಕ್ಸ್ ಕೊನೆಗೆ ಹೋಗಿ ಬೀಳುವುದು ಎಲ್ಲಿಗೆ ಗೊತ್ತೇ? ತಿಂಗಳ ಲೆಕ್ಕ ಒಪ್ಪಿಸಲು ಪಿಎಫ್ ಪೋರ್ಟಲಿಗೆ ಹಾಕುವ ಇಸಿಆರ್ ಎಂಬ ಟೆಕ್ಸ್ಟ್ ಫೈಲಿಗೆ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಹನ್ನೊಂದು ಅಂಶ, ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು #~# ಎಂಬ ಮಂತ್ರಾಕ್ಷರ. ಇದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ದೇವರು ಒಳ್ಳೆಯದು ಮಾಡಲಿ. ಪ್ರತಿ ತಿಂಗಳು 15ರ ಒಳಗೆ ಇದು ಹೋಗಬೇಕು. ಹದಿನಾಲ್ಕರ ರಾತ್ರಿ ಪೇರೋಲಿನ ಹುಡುಗಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಮಂಜುನಾಥರ ಹೆಸರಿನ ಒಂದು ಹೆಚ್ಚುವರಿ ಸ್ಪೇಸನ್ನು ಕೈಯಲ್ಲಿ ಅಳಿಸುತ್ತಿರುತ್ತಾಳೆ. ಪಟ್ಟಿಯಲ್ಲಿ ಅದರ ಹೆಸರು ‘ಸಂಪೂರ್ಣ ಸ್ವಯಂಚಾಲಿತ’.

ವೃತ್ತಿ ತೆರಿಗೆ ನೋಡಿ, ಇಡೀ ರಾಜ್ಯದಲ್ಲೇ ಸುಲಭದ ಲೆಕ್ಕ. ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕೂ ಮೇಲೆ ಸಂಬಳ ಇದ್ದರೆ 200. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿವರೆಗೆ ವಸೂಲಿಗೆ ಬಿಟ್ಟಿದೆ, ನಮ್ಮವರು 2,400ಕ್ಕೆ ನಿಲ್ಲಿಸಿದ್ದರು. ಆ ನೂರು ರೂಪಾಯಿ ಸರ್ಕಾರದ ನಿದ್ದೆ ಕೆಡಿಸಿರಬೇಕು. 2025ರ ಏಪ್ರಿಲ್‌ನಿಂದ ಫೆಬ್ರುವರಿಗೆ ಮಾತ್ರ 300 ಮಾಡಿ ಬಾಕಿ ಚುಕ್ತಾ ಮಾಡಿಕೊಂಡಿತು. ಇಪ್ಪತ್ತೆಂಟೇ ದಿನದ ತಿಂಗಳಿಗೆ ಹೆಚ್ಚು ತೆರಿಗೆ! ಹನ್ನೆರಡು ತಿಂಗಳಿಗೂ ಒಂದೇ ಅಂಕಿ ಕೆತ್ತಿಟ್ಟ ಸಾಫ್ಟ್‌ವೇರಿಗೆ ಇದನ್ನು ಹೇಳಿಕೊಡಲು ‘ಟಿಕೆಟ್’ ಎಂಬ ದೂರು ಹಾಕಬೇಕು.

ರಜೆಗೆ ಬನ್ನಿ. ಕ್ಯಾಲೆಂಡರಿನಲ್ಲಿ ‘ಇಂಡಿಯಾ’ ಆರಿಸಿದರೆ ದೀಪಾವಳಿಗೆ ಒಂದೇ ದಿನ. ನರಕ ಚತುರ್ದಶಿ, ಬಲಿಪಾಡ್ಯಮಿ ಯಾವುದೂ ಅದಕ್ಕೆ ಗೊತ್ತಿಲ್ಲ. ನವೆಂಬರ್ ಒಂದು ‘ಐಚ್ಛಿಕ’ ಪಟ್ಟಿಯಲ್ಲಿ ಮೂಲೆಗೆ ಕೂತಿರುತ್ತದೆ. ನಮ್ಮ ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ರಾಜ್ಯೋತ್ಸವ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸಾಲಿಗೇ ಸೇರಿದ ಕಡ್ಡಾಯ ರಜೆ. ಐಚ್ಛಿಕ ಎನ್ನಲು ಇದೇನು ಮಿಠಾಯಿಯ ಆಯ್ಕೆಯೇ?

ಋತುಚಕ್ರ ರಜೆಯದು ನಗುವ ವಿಷಯವಲ್ಲ. 2025ರ ನವೆಂಬರ್‌ನಲ್ಲಿ ಬಂದ ರಾಜ್ಯ ಸರ್ಕಾರದ ಆದೇಶ ಸ್ಪಷ್ಟವಾಗಿದೆ: ತಿಂಗಳಿಗೊಂದು, ವರ್ಷಕ್ಕೆ ಹನ್ನೆರಡು, ವೈದ್ಯರ ಪ್ರಮಾಣಪತ್ರ ಬೇಡ, ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಸಾಫ್ಟ್‌ವೇರಿನಲ್ಲಿ ಇದನ್ನು ಕೂರಿಸುವವರು ಕಾಯಿಲೆ ರಜೆಯನ್ನು ಕಾಪಿ ಮಾಡಿ ಹೆಸರು ಬದಲಿಸುತ್ತಾರೆ. ಅದರ ಜೊತೆಗೇ ‘ದಾಖಲೆ ಲಗತ್ತಿಸಿ’ ಎಂಬ ಕಡ್ಡಾಯವೂ ಬಂತು. ಅದಕ್ಕಿಂತ ಕೆಟ್ಟದ್ದು ಟೀಮ್ ಕ್ಯಾಲೆಂಡರು. ರಜೆಯ ಬಗೆ ಸಮೇತ ಇಪ್ಪತ್ತು ಜನರಿಗೆ ಕಾಣುತ್ತದೆ. ಹುಡುಗಿ ಒಂದು ಸಲ ನೋಡಿದಳೆಂದರೆ ಆ ರಜೆಯನ್ನು ಮತ್ತೆ ಮುಟ್ಟುವುದಿಲ್ಲ. ವರ್ಷದ ಕೊನೆಗೆ ‘ಯಾರೂ ಬಳಸಿಲ್ಲ’ ಎಂಬ ಗ್ರಾಫು ಸಿದ್ಧ. ಕ್ಯಾಲೆಂಡರಿನಲ್ಲಿ ರಜೆಯ ಬಗೆ ಮುಚ್ಚಿಡುವುದು ಬಹುಪಾಲು ಕಡೆ ಒಂದೇ ಟಿಕ್ಕಿನ ಕೆಲಸ. ಆ ಟಿಕ್ಕು ಹಾಕಲು ಒಬ್ಬರಿಗೂ ತೋಚುವುದಿಲ್ಲ.

ಪ್ರತಿಭಾ ನಿರ್ವಹಣೆ ಎಂಬ ಮಾಡ್ಯೂಲ್ ಇದೆ. ಪ್ರತಿಭೆ ಎಂದರೆ ನಮಗೆ ಗೊತ್ತಿರುವುದು ಶಾಲೆಯ ಪ್ರತಿಭಾ ಕಾರಂಜಿ. ಇದೂ ಹೆಚ್ಚುಕಡಿಮೆ ಅದೇ, ಸ್ಪರ್ಧೆ ಮಾತ್ರ ಒಂದೇ: ಛದ್ಮವೇಷ. ಕಳೆದ ಏಪ್ರಿಲ್‌ನಲ್ಲಿ ಬರೆಯಬೇಕಿದ್ದ ಗುರಿಗಳನ್ನು ಈ ಮಾರ್ಚ್‌ನಲ್ಲಿ ಬರೆದು, ಮರುದಿನವೇ ‘ಶೇ 100 ಸಾಧಿಸಿದೆ’ ಎಂದು ಘೋಷಿಸಬೇಕು. ಸ್ವ-ವಿಮರ್ಶೆಯನ್ನು ನೌಕರನ ಎಐ ಬರೆಯುತ್ತದೆ, ಮ್ಯಾನೇಜರನ ಎಐ ಅದನ್ನು ಹೊಗಳುತ್ತದೆ, ಕಂಪನಿಯ ಎಐ ಎರಡನ್ನೂ ಸೇರಿಸಿ ಸಾರಾಂಶ ಇಳಿಸುತ್ತದೆ. ಮನುಷ್ಯರು ಕಾಫಿಗೆ ಹೋಗಬಹುದು. ಐದಕ್ಕೆ ಐದು ಯಾರಿಗೂ ಇಲ್ಲ ಎಂದು ಮೊದಲೇ ತೀರ್ಮಾನವಾಗಿರುತ್ತದೆ.

ಆಮೇಲೆ ನೌಕರರನ್ನು ಕೂರಿಸುವ ಒಂಬತ್ತು ಮನೆಯ ಚೌಕ. ಒಂದು ಕಡೆ ಸಾಧನೆ, ಇನ್ನೊಂದು ಕಡೆ ಸಾಮರ್ಥ್ಯ. ಮೂಲದಲ್ಲಿ ಇದನ್ನು 1970ರ ದಶಕದಲ್ಲಿ ಮೆಕಿನ್ಸಿಯವರು ಜನರಲ್ ಎಲೆಕ್ಟ್ರಿಕ್ ಕಂಪನಿಗೆಂದು ಮಾಡಿದ್ದು. ಯಾವ ವ್ಯವಹಾರ ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ಲೆಕ್ಕಕ್ಕೆ. ಬಲ್ಬಿನ ಕಾರ್ಖಾನೆ ಇದ್ದ ಮನೆಯಲ್ಲಿ ಈಗ ಅಕೌಂಟ್ಸಿನ ಸರೋಜಮ್ಮ ಕೂತಿದ್ದಾರೆ. ಚೌಕಾಬಾರದಲ್ಲಿ ಕವಡೆಯಾದರೂ ನಮ್ಮ ಕೈಯಲ್ಲಿರುತ್ತಿತ್ತು.

ಇದೆಲ್ಲ ನಮ್ಮ ಕಡೆಯ ದಡ್ಡತನ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಆರೋಗ್ಯ ಇಲಾಖೆ 2010ರ ಮಾರ್ಚ್‌ನಲ್ಲಿ ಹೊಸ ಪೇರೋಲ್ ಚಾಲೂ ಮಾಡಿತು. ಕೆಲವು ನರ್ಸುಗಳಿಗೆ ಕಡಿಮೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಸಂಬಳವೇ ಇಲ್ಲ. ಸುಮಾರು 62 ಲಕ್ಷ ಡಾಲರಿಗೆ ಒಪ್ಪಿದ್ದ ಕೆಲಸದ ಒಟ್ಟು ಹೊರೆ 120 ಕೋಟಿ ಡಾಲರಿಗೆ ಮುಟ್ಟಿತೆಂದು 2013ರ ವಿಚಾರಣಾ ಆಯೋಗದ ವರದಿ. ಕೆನಡಾ ಸರ್ಕಾರ ವರ್ಷಕ್ಕೆ 7 ಕೋಟಿ ಡಾಲರ್ ಉಳಿಸುತ್ತೇವೆಂದು 2016ರಲ್ಲಿ ‘ಫೀನಿಕ್ಸ್’ ತಂದಿತು. ಹಕ್ಕಿ ಏಳಲೇ ಇಲ್ಲ, ಬೂದಿ ನೌಕರರ ಪಾಲಿಗೆ ಬಂತು. ಹಳೆಯದನ್ನೂ ಹೊಸದನ್ನೂ ಎರಡು ಮೂರು ತಿಂಗಳು ಜೊತೆಯಲ್ಲೇ ಓಡಿಸಿ, ಒಬ್ಬೊಬ್ಬರ ಪೇಸ್ಲಿಪ್ಪೂ ಪೈಸೆ ಪೈಸೆ ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸಬೇಕು. ಈ ಬುದ್ಧಿ ಎಲ್ಲರಿಗೂ ಇದೆ, ಪುರುಸೊತ್ತು ಯಾರಿಗೂ ಇಲ್ಲ.

ಇನ್ನು ಒಂದು ದಿನದ ಬೆಲೆ. 60,000 ಸಂಬಳ, ಅದರಲ್ಲಿ ಮೂಲ ವೇತನ, ಅಂದರೆ ಬೇಸಿಕ್, 30,000 ಎನ್ನಿ. ಸಂಬಳವಿಲ್ಲದ ರಜೆ ಹಾಕಿದರೆ ಪೂರ್ತಿ ಸಂಬಳವನ್ನು 30ರಿಂದ ಭಾಗಿಸಿ 2,000 ಕತ್ತರಿಸುತ್ತಾರೆ. ಉಳಿದ ಗಳಿಕೆ ರಜೆಗೆ ಹಣ ಕೊಡುವಾಗ ಬೇಸಿಕ್ಕನ್ನಷ್ಟೇ ಹಿಡಿದು 1,000 ಕೊಡುತ್ತಾರೆ. ಗ್ರಾಚ್ಯುಟಿಗೆ ತಿಂಗಳೆಂದರೆ 26 ದಿನ. ನೋಟಿಸ್ ಪೀರಿಯಡ್ ಪೂರೈಸದೆ ಹೊರಟರೆ ಮತ್ತೆ 2,000. ಕಿತ್ತುಕೊಳ್ಳುವಾಗ ನಿಮ್ಮ ದಿನ ಚಿನ್ನ, ಕೊಡುವಾಗ ಹಿತ್ತಾಳೆ. ಸಾಫ್ಟ್‌ವೇರಿನಲ್ಲಿ ಇದೊಂದು ‘ಸೆಟ್ಟಿಂಗ್’. ಯಾರೋ ಹೀಗೇ ಇರಲಿ ಎಂದು ಆರಿಸಿದ್ದಾರೆ, ಯಂತ್ರದ ಮೇಲೆ ಹೊರಿಸಿ ಜಾರಿಕೊಳ್ಳುವುದು ಬೇಡ.

ಕೆಲಸ ಬಿಟ್ಟವರ ಲೆಕ್ಕ ಚುಕ್ತಾ ಮಾಡುವ ಎಫ್ ಆ್ಯಂಡ್ ಎಫ್‌ಗೂ ಪಟ್ಟಿಯಲ್ಲಿ ಹಸಿರು ರೈಟ್ ಇದೆ. ವೇತನ ಸಂಹಿತೆಯ 17ನೇ ಸೆಕ್ಷನ್ ಹೇಳುವುದು ಎರಡು ಕೆಲಸದ ದಿನಗಳಲ್ಲಿ ಬಾಕಿ ವೇತನ ಕೊಡಿ ಎಂದು. ರಾಜೀನಾಮೆ ಕೊಟ್ಟವರಿಗೂ, ತೆಗೆದುಹಾಕಿದವರಿಗೂ. ‘ಲೇಬರ್ ಕೋಡ್ ರೆಡಿ’ ಎಂದು ಬೋರ್ಡು ಹಾಕಿಕೊಂಡ ಅದೇ ಸಾಫ್ಟ್‌ವೇರಿನಲ್ಲಿ 45 ದಿನ ಎಂದು ತುಂಬಿಟ್ಟಿರುತ್ತಾರೆ. ಐಟಿಯವರ ಒಪ್ಪಿಗೆ, ಅಡ್ಮಿನ್ ಒಪ್ಪಿಗೆ, ಲೈಬ್ರರಿಯೇ ಇಲ್ಲದ ಆಫೀಸಿನಲ್ಲಿ ಲೈಬ್ರರಿಯ ಒಪ್ಪಿಗೆ. ಆ ಒಪ್ಪಿಗೆ ಕೊಡಬೇಕಾದವರೇ ಕೆಲಸ ಬಿಟ್ಟು ಆರು ತಿಂಗಳಾಗಿದ್ದರೂ ಅವರ ಹೆಸರಿನಲ್ಲೇ ಬಾಕಿ ತೋರಿಸುತ್ತಿರುತ್ತದೆ. ಅಷ್ಟರಲ್ಲಿ ಇತ್ತ ಮನೆ ಬಾಡಿಗೆ ನಿಂತಿರುವುದಿಲ್ಲ, ಮಗುವಿನ ಸ್ಕೂಲ್ ಫೀಸು ನಿಂತಿರುವುದಿಲ್ಲ. ಕೆಲಸ ಕಳೆದುಕೊಂಡ ಮನುಷ್ಯ ತಾನು ದುಡಿದ ದುಡ್ಡಿಗೆ ಟಿಕೆಟ್ ನಂಬರ್ ಹಿಡಿದು ಮೇಲ್ ಬರೆಯುತ್ತ ಕೂರಬೇಕು, ಉತ್ತರ ಚಾಟ್‌ಬಾಟ್ ಕೊಡುತ್ತದೆ. ಇದಕ್ಕೆ ವಿಡಂಬನೆ ಬೇಕಿಲ್ಲ. ಇದು ಕಾನೂನು ಮುರಿಯುವುದು, ಅಷ್ಟೇ.

ಆದ್ದರಿಂದ ‘ರಿಸೈನ್’ ಬಟನ್ ಒತ್ತುವ ಮುಂಚೆ ಪೇಸ್ಲಿಪ್ಪು, ಫಾರ್ಮ್ 16, ರಜೆಯ ಬಾಕಿ ತೋರಿಸುವ ಪುಟ, ಅಪ್ರೈಸಲ್ ಪತ್ರ ಎಲ್ಲ ಸ್ವಂತ ಮೇಲಿಗೆ ಇಳಿಸಿಕೊಳ್ಳಿ. ಯುಎಎನ್ ಬರೆದಿಟ್ಟುಕೊಳ್ಳಿ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮದೇ ಹೌದೋ ನೋಡಿ. ಕೊನೆಯ ದಿನ ಸಂಜೆ ಆರಕ್ಕೆ ಲಾಗಿನ್ ಕಡಿದುಹೋಗುತ್ತದೆ. ಆ ಒಂದು ಕೆಲಸವನ್ನು ಸಾಫ್ಟ್‌ವೇರ್ ಒಂದು ನಿಮಿಷವೂ ತಡಮಾಡುವುದಿಲ್ಲ, ಯಾರ ಒಪ್ಪಿಗೆಯನ್ನೂ ಕಾಯುವುದಿಲ್ಲ.