ಪಂಪೆಯ ಗಂಡಂದಿರು ಊರ ತುಂಬ, ಪಂಪೆ ಮಾತ್ರ ಇಲ್ಲ

ಕಳೆದ ತಿಂಗಳು ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಸೋದರತ್ತೆಯಾದ ನಾನು ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಿದ್ದಂತೆ, ಹಿಂದೆ ಕಾದು ನಿಂತಿದ್ದ ಹುಡುಗರು ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದರು. ಒಬ್ಬನಂತೂ ವರ್ಷದ ಸಿಟ್ಟನ್ನೆಲ್ಲ ತೀರಿಸಿಕೊಂಡ. ಹೆಸರು ಪಂಪಾ. ಅದನ್ನು ಜೋರಾಗಿ ಹೇಳಿದ ಕೂಡಲೇ ಅಂಗಳದಲ್ಲಿ ಒಂದು ಗಳಿಗೆ ಯಾರೂ ಮಾತನಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡಿದರು. ಅಂದಿನಿಂದ ಫೋನಿನಲ್ಲಿ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಂದೇ ಸಲಕ್ಕೆ ಬರೆದಿಡುತ್ತಿದ್ದೇನೆ.

ಮಗು ಹುಟ್ಟಿದ್ದು ಉತ್ತರಾ ನಕ್ಷತ್ರದ ಮೂರನೆಯ ಪಾದದಲ್ಲಿ. ಟೇ, ಟೋ, ಪಾ, ಪೀ ಎಂಬ ನಾಲ್ಕರಲ್ಲಿ ನಮ್ಮ ಪಾಲಿಗೆ ಬಂದದ್ದು ‘ಪಾ’. ‘ಪ’ ಆದರೂ ನಡೆಯುತ್ತದೆ ಎಂದು ಪುರೋಹಿತರು ರಿಯಾಯಿತಿ ಕೊಟ್ಟರು. ತಮ್ಮನ ಹೆಂಡತಿ ತನ್ನ ಮೊಬೈಲಿನಲ್ಲಿ ಪಕಾರದ ಹೆಸರುಗಳನ್ನು ಒಂದೊಂದಾಗಿ ಓದಿದಳು. ಪ್ರಣತಿ, ಪ್ರಾಪ್ತಿ, ಪಾವನಿ, ಪರಿಣಿತಾ ಎಂದು ಸಾಗಿದ ಆ ಪಟ್ಟಿಯಲ್ಲಿ, ಮುಂದೆ ಹೋದಂತೆ, ಯಾವ ನಿಘಂಟಿನಲ್ಲಿಯೂ ಇರಲಾರದ ಪದಗಳೂ ಬಂದವು; ಅವಕ್ಕೆಲ್ಲ ‘ದೇವರ ಉಡುಗೊರೆ’ ಅಥವಾ ‘ಲಕ್ಷ್ಮಿಯ ಇನ್ನೊಂದು ಹೆಸರು’ ಎಂಬ ಎರಡೇ ಅರ್ಥಗಳನ್ನು ಸರದಿಯಂತೆ ಹಂಚಲಾಗಿತ್ತು. ಲಕ್ಷ್ಮಿಗೆ ಇಷ್ಟೊಂದು ಹೆಸರುಗಳಿರುವುದು ಸ್ವತಃ ಆಕೆಗೂ ಗೊತ್ತಿರಲಿಕ್ಕಿಲ್ಲ. ಆಗ ನಾನು ಪಂಪಾ ಎಂದೆ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವಳ ಬಾಯಿಗೆ ‘ಪ’ ಎಂದೊಡನೆ ಬೇರೆ ಯಾವ ಹೆಸರು ತಾನೇ ಬಂದೀತು?

ಮೊದಲ ಪ್ರಶ್ನೆ, ಅರ್ಥವೇನು ಎಂಬುದು. ಇದು ಒಂದು ಸರೋವರದ ಹೆಸರು, ಒಂದು ನದಿಯ ಹೆಸರು, ಆ ನೀರಿನ ದೇವತೆಯ ಹೆಸರು. ಪದವನ್ನು ಬಿಡಿಸಿ ‘ಅಂದರೆ ಇಂತಿಂಥದ್ದು’ ಎಂದು ಒಂದೇ ಮಾತಿನಲ್ಲಿ ಹೇಳುವ ಹಾಗಿಲ್ಲ. ಸಂಸ್ಕೃತ ಕಾವ್ಯಗಳಿಗೆ ಬರುವ ಮೊದಲು ಇದು ತುಂಗಭದ್ರೆಯ ದಂಡೆಯ ಜನ ತಮ್ಮ ಹೊಳೆಯ ತಾಯಿಗೆ ಇಟ್ಟುಕೊಂಡಿದ್ದ ಹೆಸರಾಗಿತ್ತು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಆ ದಂಡೆಯ ಮೇಲೆ ಬೆಳೆದ ನನಗೆ ಅವರ ಮಾತೇ ಸರಿಯೆನ್ನಿಸುತ್ತದೆ. ವಾಲ್ಮೀಕಿ ರಾಮಾಯಣದಲ್ಲಿ ಅರಣ್ಯಕಾಂಡ ಮುಗಿದು ಕಿಷ್ಕಿಂಧಾಕಾಂಡ ತೆರೆದುಕೊಳ್ಳುವುದೇ ಪಂಪೆಯ ತೀರದಲ್ಲಿ: ವಸಂತದ ಹೂವುಗಳ ನಡುವೆ ನಿಂತು ರಾಮ ಸೀತೆಯನ್ನು ನೆನೆದು ಹಲುಬುವುದು ಅಲ್ಲಿಯೇ, ಶಬರಿಯ ಆಶ್ರಮವಿದ್ದದ್ದೂ ಆ ಸರೋವರದ ಪಡುವಣ ದಡದಲ್ಲಿಯೇ. ಆನೆಗೊಂದಿಯ ಬಳಿ ಇಂದಿಗೂ ಪಂಪಾ ಸರೋವರವಿದೆ. ತುಂಗಭದ್ರಾ ಜಲಾಶಯಕ್ಕೆ ಪಂಪಾಸಾಗರ ಎಂಬ ಹೆಸರಿದೆ. ಇಷ್ಟು ನೀರು ತುಂಬಿಕೊಂಡ ಹೆಸರಿಗೆ ‘ದೇವರ ಉಡುಗೊರೆ’ ಎಂಬ ಲೇಬಲ್ಲು ಅಂಟಿಸಬೇಕೆಂದು ನನಗೆ ಅನ್ನಿಸುವುದಿಲ್ಲ. ಕಾವೇರಿ ಎಂದು ಹೆಸರಿಟ್ಟವರನ್ನು ಯಾರೂ ಅರ್ಥ ಕೇಳುವುದಿಲ್ಲವಲ್ಲ.

ನಮ್ಮ ತಾಯಿಯವರ ಆಕ್ಷೇಪ ಬೇರೆಯದೇ ಆಗಿತ್ತು. “ಕೂಸಿಗೆ ಯಾರಾದ್ರೂ ಊರಿನ ಹೆಸರು ಇಡ್ತಾರೇನಬೇ?” ಎಂದರು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಹಳಗನ್ನಡದ ಪದದ ಮೊದಲಿಗಿದ್ದ ಪಕಾರ ಮುಂದೆ ಹಕಾರವಾಯಿತೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು. ಗಂಗಾ ಎಂಬುದು ಕನ್ನಡದಲ್ಲಿ ಗಂಗೆಯಾಗುವಂತೆ ಪಂಪಾ ಎಂಬುದು ಪಂಪೆಯಾಗಿ, ಆ ಪಂಪೆ ಹಂಪೆಯಾಯಿತು. ಅಂದಮೇಲೆ ಊರಿನ ಹೆಸರು ಹುಡುಗಿಯಿಂದ ಬಂದದ್ದೇ ಹೊರತು ಹುಡುಗಿಯ ಹೆಸರು ಊರಿನಿಂದ ಬಂದದ್ದಲ್ಲ. ಇದನ್ನು ವಿವರಿಸುತ್ತಿರುವಾಗ ಅಮ್ಮ ನಡುವೆಯೇ ತಡೆದು, “ಹಂಗಾದ್ರ ನಮ್ಮಜ್ಜಿ ಹಂಪಮ್ಮ?” ಎಂದು ಕೇಳಿದರು. ನನಗದು ಹೊಳೆದೇ ಇರಲಿಲ್ಲ. ಅಮ್ಮನ ಅಜ್ಜಿಯ ಹೆಸರು ಹಂಪಮ್ಮ. ನಾವು ಹೊಸದೆಂದು ಹುಡುಕಿ ತಂದ ಹೆಸರು, ಹಕಾರದ ಸೀರೆಯುಟ್ಟು, ನಮ್ಮ ಮನೆಯ ಅಟ್ಟದ ಮೇಲೆಯೇ ಕೂತಿತ್ತು. ಅಮ್ಮನ ತಕರಾರು ಅಲ್ಲಿಗೆ ಮುಗಿಯಿತು. ಹಂಪಮ್ಮ ಎಂದಿದ್ದರೆ ಮಾತ್ರ ತಮ್ಮನ ಹೆಂಡತಿ ಮನೆ ಬಿಟ್ಟು ಹೋಗುತ್ತಿದ್ದಳೆಂಬುದೂ ಅಷ್ಟೇ ನಿಜ.

ಸ್ಥಳಪುರಾಣದಲ್ಲಿ ಪಂಪೆ ಬ್ರಹ್ಮನ ಮಾನಸಪುತ್ರಿ. ತಪಸ್ಸು ಮಾಡಿ, ಹೇಮಕೂಟದಲ್ಲಿದ್ದ ಶಿವನನ್ನು ಒಲಿಸಿಕೊಂಡು ಮದುವೆಯಾದವಳು. ಹಂಪೆಯಲ್ಲಿ ಇವರಿಬ್ಬರ ಮದುವೆ ಇಂದಿಗೂ ವರ್ಷವರ್ಷ ನಡೆಯುತ್ತದೆ: ಚಳಿಗಾಲದಲ್ಲಿ ಫಲಪೂಜೆಯೆಂಬ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ ಮತ್ತು ತೇರು. ನಮ್ಮ ಮನೆಯವರು ಈ ಎರಡಕ್ಕೂ ಹೆಣ್ಣಿನ ಕಡೆಯವರಂತೆ ಹೋಗಿ ಬರುತ್ತಿದ್ದರು. ವಿರೂಪಾಕ್ಷನ ಗುಡಿಯಲ್ಲಿ ದೊಡ್ಡ ದರ್ಶನ ಮುಗಿಸಿಕೊಂಡು ಬಂದವರು ಪಕ್ಕದಲ್ಲಿರುವ ಪಂಪಾದೇವಿಯ ಚಿಕ್ಕ ಗುಡಿಗೆ ಎರಡು ನಿಮಿಷವೂ ಕೊಡದೆ ಹೊರಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಈ ಕ್ಷೇತ್ರದಲ್ಲಿ ಶಿವನಿಗೆ ಇರುವ ಹೆಸರೇ ಪಂಪಾಪತಿ, ಅಂದರೆ ಪಂಪೆಯ ಗಂಡ. ಗಂಡನನ್ನು ಹೆಂಡತಿಯ ಹೆಸರಿನಿಂದ ಗುರುತಿಸುವ ಊರು ನಮ್ಮದು.

ಹಾಗಿದ್ದೂ ಹೆಸರಿನ ಲೆಕ್ಕದಲ್ಲಿ ಏನಾಗಿದೆ ನೋಡಿ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರುಗಳ ಕಡೆ ಯಾವ ಹಾಜರಿ ಪುಸ್ತಕ ತೆರೆದರೂ ಒಬ್ಬ ಪಂಪಾಪತಿ ಸಿಕ್ಕೇ ಸಿಗುತ್ತಾನೆ. ನನ್ನ ತರಗತಿಯಲ್ಲಿ ಇಬ್ಬರು ಪಂಪಾಪತಿಗಳಿದ್ದರು, ಜೊತೆಗೊಬ್ಬ ಪಂಪನಗೌಡ. ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರ ಪರವಾಗಿ ನಿಂತ ಕಮ್ಯುನಿಸ್ಟ್ ನಾಯಕರ ಹೆಸರೂ ಪಂಪಾಪತಿಯೇ. ಪಂಪಮ್ಮ, ಹಂಪಮ್ಮ, ಪಂಪಾವತಿಯರು ನಮ್ಮ ಅಜ್ಜಿಯರ ಕಾಲದಲ್ಲಿದ್ದರು. ‘ಅಮ್ಮ’ ಸೇರಿದ ಹೆಸರುಗಳೆಲ್ಲ ಹಳ್ಳಿಯವೆಂದು ನಾವು ನಾಚಿಕೊಂಡು ಬಿಟ್ಟುಕೊಟ್ಟ ಮೇಲೆ ಅವರೂ ಹಿಂದೆ ಸರಿದರು. ‘ಅಮ್ಮ’ನನ್ನು ಕಳಚಿ ಉಳಿದ ಚಂದದ ಎರಡಕ್ಷರವನ್ನು ಇಟ್ಟುಕೊಳ್ಳಬಹುದಿತ್ತು. ಗಂಗಮ್ಮ ಗಂಗಾ ಆಗಿ, ಗೌರಮ್ಮ ಗೌರಿಯಾಗಿ ಉಳಿದುಕೊಂಡ ಹಾಗೆ ಪಂಪಮ್ಮ ಪಂಪಾ ಆಗಿ ಉಳಿಯಲಿಲ್ಲ. ಪಂಪೆಯ ಗಂಡಂದಿರು ಊರ ತುಂಬ ಇದ್ದಾರೆ, ಪಂಪೆ ಮಾತ್ರ ಇಲ್ಲ. ವಿಚಿತ್ರವೆಂದರೆ ದೂರದ ಬಂಗಾಳದಲ್ಲಿ ಪಂಪಾ ಎಂಬ ಹೆಣ್ಣುಮಕ್ಕಳ ಹೆಸರು ಚೆನ್ನಾಗಿಯೇ ಬಳಕೆಯಲ್ಲಿದೆ. ಕೇರಳದಲ್ಲಿ 176 ಕಿಲೋಮೀಟರ್ ಹರಿಯುವ ಪಂಪೆಯಿದೆ; ನಮ್ಮಲ್ಲಿ ಅನೇಕರಿಗೆ ಈ ಹೆಸರು ಕೇಳಿದಾಗ ನೆನಪಾಗುವುದು ಶಬರಿಮಲೆಗೆ ಹೋಗುವವರು ಮೀಯುವ ಆ ಹೊಳೆಯೇ.

ಬೆಂಗಳೂರಿನ ಗೆಳೆಯರೊಬ್ಬರು, “ಪಂಪ ಗಂಡಸಲ್ಲವೇ?” ಎಂದು ಕೇಳಿದರು. ಹೌದು, ಆದಿಕವಿ ಪಂಪ ಗಂಡಸು. 902ರಲ್ಲಿ ಹುಟ್ಟಿ, ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದು, 941ರಲ್ಲಿ ‘ಆದಿಪುರಾಣ’ವನ್ನು ಮುಗಿಸಿ ‘ವಿಕ್ರಮಾರ್ಜುನ ವಿಜಯ’ವನ್ನೂ ಬರೆದ ಕವಿ. “ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ” ಎಂಬ ಅವನ ಸಾಲು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಅವನ ಹೆಸರಿನಲ್ಲಿ ಸರ್ಕಾರ ಕೊಡುವ ಪ್ರಶಸ್ತಿ 1987ರಲ್ಲಿ ಮೊದಲ ಸಲ ಸಂದದ್ದು ಕುವೆಂಪು ಅವರಿಗೆ. ಕನ್ನಡ ಸಾಹಿತ್ಯ ಪರಿಷತ್ತು ನಿಂತಿರುವ ಚಾಮರಾಜಪೇಟೆಯ ರಸ್ತೆಗೂ ಅವನದೇ ಹೆಸರು. ಆದರೆ ಅವನು ಹ್ರಸ್ವದ ಪಂಪ, ನಮ್ಮ ಕೂಸು ದೀರ್ಘದ ಪಂಪಾ. ಕನ್ನಡದಲ್ಲಿ ಒಂದು ಇಳಿಯಿಂದ ತೀರುವ ವ್ಯತ್ಯಾಸ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಉಳಿಯುವುದಿಲ್ಲ. ಅದು ಮುಂದೆ ಅರ್ಜಿಗಳಲ್ಲಿ ಒಂದಷ್ಟು ಪೀಕಲಾಟ ತಂದರೂ ತಂದೀತು, ಒಪ್ಪುತ್ತೇನೆ.

ಪಂಪನ ಮಾತು ಬಂದದ್ದರಿಂದ ಇನ್ನೊಂದು ಹೆಸರನ್ನೂ ಹೇಳಬೇಕು. ತೆಲಂಗಾಣದ ಕರೀಂನಗರದ ಕಡೆ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಸಿದ್ದಾನೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬುದು ಅದರಿಂದಲೇ ನಮಗೆ ತಿಳಿಯಿತು. ಆಕೆಯ ತವರಿನ ಬೇರು ಅಣ್ಣಿಗೇರಿಯಲ್ಲಿ. ಹೆಸರಿಡುವವರೆಲ್ಲ ‘ಯುನಿಕ್’ ಆಗಿರಬೇಕು ಎಂದು ಹಟ ಹಿಡಿಯುತ್ತಾರಲ್ಲ, ಅಂಥವರಿಗೆ ನಾನು ಅಬ್ಬಣಬ್ಬೆಯನ್ನು ಸೂಚಿಸುತ್ತೇನೆ. ಇದುವರೆಗೆ ಯಾರೂ ಎರಡನೆಯ ಸಲ ಫೋನು ಮಾಡಿಲ್ಲ.

ಇನ್ನು ಚೇಷ್ಟೆಯ ಮಾತು. “ಶಾಲೆಯಲ್ಲಿ ಪಂಪ್‌ಸೆಟ್ಟು ಎನ್ನುತ್ತಾರೆ” ಎಂದು ಹೇಳಿದವರು ಐದಾರು ಜನ. ತಮ್ಮನ ಕಚೇರಿಯವರು ಉಡುಗೊರೆಯಾಗಿ ಪ್ಯಾಂಪರ್ಸ್‌ನ ದೊಡ್ಡ ಕಟ್ಟನ್ನೇ ತಂದು, ಮೇಲಿನ ಅಕ್ಷರಗಳಲ್ಲಿ ಕೊನೆಯ ಮೂರನ್ನು ಅಳಿಸಿ, ಉಳಿದದ್ದರ ಕೊನೆಗೊಂದು ‘ಎ’ ಬರೆದಿದ್ದರು. ಕಟ್ಟು ಉಪಯೋಗಕ್ಕೆ ಬಂತು. ಚೇಷ್ಟೆ ತಪ್ಪುವುದಿಲ್ಲವೆಂದು ನನಗೂ ಗೊತ್ತು. ಆದರೆ ಚೇಷ್ಟೆಗೆ ಸಿಗದ ಹೆಸರನ್ನು ನಾನಿನ್ನೂ ಕಂಡಿಲ್ಲ, ಪ್ರಾಪ್ತಿ ಎಂಬವಳನ್ನು ‘ಪ್ರಾರಬ್ಧ’ ಎನ್ನಲು ಮಕ್ಕಳಿಗೆ ಎಷ್ಟು ಹೊತ್ತು ಬೇಕು? ಈ ಹೆಸರಿಗಿರುವ ಅನುಕೂಲವನ್ನೂ ನೋಡಬೇಕು. ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ, ತುಟಿ ಮುಚ್ಚಿ ತೆರೆದು, ಮತ್ತೊಮ್ಮೆ ಮುಚ್ಚಿ ತೆರೆದರೆ ಹೆಸರು ಮುಗಿಯಿತು. ಹಲ್ಲಿಲ್ಲದ ಕೂಸೂ ಹೇಳಬಹುದು, ಹಲ್ಲು ಬಿದ್ದ ನಮ್ಮ ದೊಡ್ಡಪ್ಪನೂ ಹೇಳಬಹುದು. ಎಂಬತ್ತು ದಾಟಿದ ಅವರಿಗೆ ಮನೆಯ ಉಳಿದ ಮೊಮ್ಮಕ್ಕಳ ಹೆಸರುಗಳು ಇಂದಿಗೂ ಬಾಯಿಗೆ ಸಿಕ್ಕಿಲ್ಲ, ಎಲ್ಲರನ್ನೂ ‘ಪಾಪಾ’ ಎಂದೇ ಕರೆಯುತ್ತಾರೆ. ಇವಳನ್ನು ಮಾತ್ರ ಮೊದಲ ದಿನದಿಂದಲೇ ಹೆಸರು ಹಿಡಿದು ಕರೆದರು.

ಜನನ ಪ್ರಮಾಣಪತ್ರದಲ್ಲಿ ಹೆಸರಿನ ಕಾಲಂ ಇನ್ನೂ ಖಾಲಿಯಿದೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಹೆಸರನ್ನು ಸೇರಿಸಲು ಮಾತ್ರ ಶುಲ್ಕವಿಲ್ಲದೆ 12 ತಿಂಗಳ ಅವಕಾಶವಿದೆ. ಇಂಗ್ಲಿಷಿನಲ್ಲಿ ಕೊನೆಗೆ ಒಂದು ‘ಎ’ ಹಾಕಬೇಕೋ ಎರಡೋ ಎಂಬ ಚರ್ಚೆ ಗಂಡಹೆಂಡಿರ ನಡುವೆ ತೀರ್ಮಾನವಾಗದೆ ಉಳಿದಿದೆ. ನಾನು ಒಂದೇ ಸಾಕು ಎಂದಿದ್ದೇನೆ. ಅವರು ಕೇಳುವವರಲ್ಲ. ಫಲಪೂಜೆಯ ಹೊತ್ತಿಗೆ ಕೂಸಿಗೆ ಕತ್ತು ನಿಂತಿರುತ್ತದೆ. ಹಂಪೆಗೆ ಕರೆದುಕೊಂಡು ಹೋಗಿ, ಈ ಸಲ ದೊಡ್ಡ ಗುಡಿಗಿಂತ ಮೊದಲು ಪಕ್ಕದ ಚಿಕ್ಕ ಗುಡಿಗೆ ಹೋಗುವುದೆಂದು ಅಮ್ಮ ಈಗಲೇ ಹೇಳಿಟ್ಟಿದ್ದಾರೆ.